ಹೆಗಲ ಮೇಲಿನ ನಾಲ್ಕು ತಂತಿ

ಹಗಲು ಬದಿಯಡ್ಕದ ಅಡಿಕೆ ಅಂಗಡಿಯೊಂದರಲ್ಲಿ ಲೆಕ್ಕ ಬರೆಯುತ್ತೇನೆ. ಶನಿವಾರ, ಭಾನುವಾರ ರಾತ್ರಿ ರಸಮಂಜರಿ, ಗಾನಮೇಳಗಳಲ್ಲಿ ತಗ್ಗಿನ ಸ್ವರದ, ನಾಲ್ಕು ತಂತಿಯ ಬೇಸ್ ಗಿಟಾರ್ ನುಡಿಸುತ್ತೇನೆ. 22 ವರ್ಷ ಆಯಿತು. ಈ ಸಲ ಬಂದ ಪತ್ರಗಳಲ್ಲಿ ಹೆಚ್ಚಿನವು ನೋವಿನ ಬಗ್ಗೆ. ಹಾಗಾಗಿ ಮೊದಲ ಪತ್ರಕ್ಕೆ ಜಾಸ್ತಿ ಜಾಗ ಕೊಟ್ಟಿದ್ದೇನೆ.

ಅಣ್ಣಾ, ಬೇಸ್ ಹಿಡಿದು ಒಂದೂವರೆ ವರ್ಷ. ಈಗಷ್ಟೇ ಒಂದು ತಂಡಕ್ಕೆ ಸೇರಿದ್ದೇನೆ. ಮನೆಯಲ್ಲಿ ಕೂತು ನುಡಿಸುವಾಗ ಏನೂ ತೊಂದರೆ ಇಲ್ಲ. ಸ್ಟೇಜ್ ಮೇಲೆ ಎರಡು ಗಂಟೆ ಕಳೆದರೆ ಎಡ ಹೆಗಲು ಕಿತ್ತು ಬರುವ ಹಾಗೆ ನೋಯುತ್ತದೆ. ಬಲಗೈ ಮಣಿಗಂಟು ಹಿಡಿದುಕೊಳ್ಳುತ್ತದೆ. ಹಗುರದ ಬೇಸ್ ತೆಗೆದುಕೊಳ್ಳಬೇಕಾ?
— ಓದುಗ, ಉಪ್ಪಳ

ಅಣ್ಣಾ ಅಂದಿದ್ದೀಯಲ್ಲ, ಹಾಗಾಗಿ ನಾನೂ ನೀನು ಅಂತಲೇ ಬರೆಯುತ್ತೇನೆ. ಬೇಸ್ ಈಗಲೇ ಬದಲಿಸಬೇಡ. ಉತ್ತರ ಅರ್ಧ ನಿನ್ನ ಪತ್ರದಲ್ಲೇ ಉಂಟು. ಕೂತಾಗ ನೋವಿಲ್ಲ, ನಿಂತಾಗ ನೋವು. ಅಂದರೆ ಕೂತಾಗ ಬೇಸ್ ಇರುವ ಜಾಗ ಬೇರೆ, ನಿಂತಾಗ ಇರುವ ಜಾಗ ಬೇರೆ.

ಇವತ್ತು ರಾತ್ರಿ ಒಂದು ಕೆಲಸ ಮಾಡು. ಬೆಲ್ಟ್ ಹಾಕಿಕೊಂಡೇ ಕುರ್ಚಿಯಲ್ಲಿ ಕೂತುಕೋ. ಬೇಸ್ ತೊಡೆಯ ಮೇಲೆ ಇರುವಾಗಲೇ ಬೆಲ್ಟ್ ಬಿಗಿಯಾಗುವವರೆಗೆ ಎಳೆ. ಈಗ ಎದ್ದು ನಿಲ್ಲು. ಬೇಸ್ ಒಂದಿಂಚೂ ಕೆಳಗೆ ಇಳಿಯಬಾರದು. ಅದೇ ನಿನ್ನ ಅಳತೆ. ಬೆಲ್ಟ್‌ನಲ್ಲಿ ಆ ಜಾಗಕ್ಕೆ ಪೆನ್ನಿನಿಂದ ಗುರುತು ಹಾಕಿಡು.

ಬೇಸ್ ಸೊಂಟದ ಕೆಳಗೆ ತೂಗಾಡಿದರೆ ಫೋಟೋದಲ್ಲಿ ಚಂದ ಕಾಣುತ್ತದೆ, ಒಪ್ಪುತ್ತೇನೆ. ಆದರೆ ಆಗ ಎಡಗೈ ಮಣಿಗಂಟು ಪೂರ್ತಿ ಮಡಚಿ ಫ್ರೆಟ್‌ಗಳನ್ನು, ಅಂದರೆ ಉದ್ದದ ನೆಕ್ಕಿನ ಮೇಲಿನ ಅಡ್ಡ ಕಂಬಿಗಳನ್ನು, ಹುಡುಕಬೇಕು. ಬೆರಳುಗಳನ್ನು ಎಳೆಯುವ ಸ್ನಾಯುಗಳ ಹುರಿಗಳು ಮಣಿಗಂಟಿನ ಒಳಗೆ ಸಣ್ಣ ಓಣಿಯೊಂದರಲ್ಲಿ ಹಾದು ಹೋಗುತ್ತವೆ. ಗಂಟು ಮಡಚಿಕೊಂಡು ಬೆರಳು ಆಡಿಸಿದಷ್ಟೂ ಅಲ್ಲಿ ತಿಕ್ಕಾಟ. ತಂಡಕ್ಕೆ ಸೇರಿದ ಮೂರನೇ ವರ್ಷ ನಾನು ಇದನ್ನು ಅನುಭವಿಸಿದ್ದೇನೆ. ಸೋಮವಾರ ಬೆಳಿಗ್ಗೆ ಅಂಗಡಿಯಲ್ಲಿ ಲೆಕ್ಕದ ಪುಸ್ತಕ ತೆರೆದರೆ ಪೆನ್ನು ಬೆರಳ ಸಂದಿಯಿಂದ ಜಾರುತ್ತಿತ್ತು. ಬಲಗೈಯದ್ದು ಇನ್ನೊಂದು ಕತೆ. ಬೇಸ್‌ನ ಅಂಚಿನ ಮೇಲೆ ಮೊಣಕೈ ಹತ್ತಿರದ ಭಾಗವನ್ನು ಒತ್ತಿಟ್ಟು, ಅಲ್ಲಿಂದ ಕೈಯನ್ನು ಕೊಕ್ಕೆಯ ಹಾಗೆ ಕೆಳಗೆ ಬಗ್ಗಿಸುತ್ತೇವೆ. ಮೊಣಕೈಯನ್ನು ಸ್ವಲ್ಪ ಹಿಂದಕ್ಕೆ ತಂದು ನೋಡು. ಮಣಿಗಂಟು ತನ್ನಿಂದ ತಾನೇ ನೇರ ಆಗುತ್ತದೆ.

ಇನ್ನು ಹೆಗಲು. ನನ್ನ ಹಳೆಯ ಬೇಸನ್ನು ಒಂದು ದಿನ ಅಡಿಕೆ ತೂಗುವ ತಕ್ಕಡಿಯಲ್ಲಿ ಇಟ್ಟು ನೋಡಿದೆ. 4 ಕಿಲೋ 600 ಗ್ರಾಂ. ಸಾಮಾನ್ಯವಾಗಿ ಬೇಸ್‌ಗಳು ಮೂರೂವರೆಯಿಂದ ನಾಲ್ಕೂವರೆ ಕಿಲೋ ಇರುತ್ತವೆ. ನನ್ನದರ ಜೊತೆ ಬಂದ ಬೆಲ್ಟ್ ಎರಡು ಇಂಚಿನ ನೈಲಾನ್ ಪಟ್ಟಿ. ಆ ವರ್ಷ ಕುಂಬಳೆ ಹತ್ತಿರ ಯಕ್ಷಗಾನ ನೋಡಲು ಹೋಗಿದ್ದೆ. ಚೌಕಿಯ ಪಕ್ಕ ನಿಂತಿದ್ದ ಚೆಂಡೆಯವರು ಚೆಂಡೆ ಹೆಗಲಿಗೇರಿಸುವ ಮೊದಲು ಬೈರಾಸನ್ನು ನಾಲ್ಕು ಮಡಿಕೆ ಮಾಡಿ, ಅಂಗೈಯಿಂದ ತಟ್ಟಿ ಸಮ ಮಾಡಿ, ಹೆಗಲಿಗೆ ಇಟ್ಟುಕೊಂಡರು. ಆಮೇಲೆ ಕುತ್ತಿಗೆಯನ್ನು ಎರಡೂ ಬದಿಗೆ ತಿರುಗಿಸಿ ನೋಡಿ, ಬೈರಾಸನ್ನು ಒಂದು ಬೆರಳಿನಷ್ಟು ಹೊರಗೆ ಸರಿಸಿದರು. ರಾತ್ರಿಯಿಡೀ ನಿಲ್ಲುವ ಮನುಷ್ಯ ತನ್ನ ಮೈಯನ್ನು ಎಷ್ಟು ಜೋಪಾನ ಮಾಡುತ್ತಾರೆ ಅಂತ ಅವತ್ತು ನನಗೆ ಗೊತ್ತಾಯಿತು. ಮರುವಾರವೇ ಮೂರೂವರೆ ಇಂಚು ಅಗಲದ ಚರ್ಮದ ಬೆಲ್ಟ್ ತಂದೆ. ಭಾರ ಅಷ್ಟೇ ಇತ್ತು, ಆದರೆ ಒಂದು ಗೆರೆಯ ಮೇಲೆ ಕೂರುವ ಬದಲು ಹೆಗಲಿಡೀ ಹರಡಿಕೊಂಡಿತು. ಒಳಬದಿ ತರಿತರಿ ಇರುವ ಚರ್ಮವೇ ತೆಗೆದುಕೋ. ನುಣುಪಾದದ್ದು ಅಂಗಿಯ ಮೇಲೆ ಜಾರುತ್ತದೆ.

ಇನ್ನೊಂದು ಪರೀಕ್ಷೆ ಇದೆ. ನಿಂತುಕೊಂಡು ಎರಡೂ ಕೈ ಬಿಡು. ಬೇಸ್‌ನ ತಲೆ ನೆಲದ ಕಡೆ ವಾಲುತ್ತದಾ? ವಾಲಿದರೆ ನಿನ್ನ ಎಡಗೈ ಸ್ವರ ಹಿಡಿಯುವುದರ ಜೊತೆಗೆ ನೆಕ್ಕನ್ನು ಎತ್ತಿ ಹಿಡಿಯುವ ಕೂಲಿ ಕೆಲಸವನ್ನೂ ಮಾಡುತ್ತಿದೆ. ಬೆಲ್ಟ್ ಸಿಕ್ಕಿಸುವ ಮೇಲಿನ ಕೊಂಬು 12ನೇ ಫ್ರೆಟ್‌ನವರೆಗೆ ಚಾಚಿದ್ದರೆ ಈ ತೊಂದರೆ ಕಡಿಮೆ. ಮುಂದೆ ಎಂದಾದರೂ ಬೇಸ್ ಬದಲಿಸುವಾಗ ತೂಕಕ್ಕಿಂತ ಮೊದಲು ಇದನ್ನೇ ನೋಡು. ಮೂರು ಕಿಲೋದ ತಲೆಭಾರದ ಬೇಸ್‌ಗಿಂತ ನಾಲ್ಕು ಕಿಲೋದ ಸಮತೂಕದ ಬೇಸ್ ಎಷ್ಟೋ ಮೇಲು.

ಈಗ ಮುಖ್ಯವಾದ ಮಾತಿಗೆ ಬರುತ್ತೇನೆ. ಸ್ಟೇಜ್ ಮೇಲೆ ನಿನ್ನ ಬೇಸ್ ನಿನಗೆ ಸರಿಯಾಗಿ ಕೇಳಿಸುತ್ತದಾ? ಕೇಳಿಸದಿದ್ದರೆ ಮಣಿಗಂಟು ಹಿಡಿಯುವುದು ಖಂಡಿತ. ಒಂದು ಗಣೇಶೋತ್ಸವದಲ್ಲಿ ಸ್ಟೇಜ್ ಮೇಲಿನವರಿಗೆ ಕೇಳಿಸಲು ಇಡುವ ಮಾನಿಟರ್ ಬಾಕ್ಸ್ ಎರಡೂ ಹಾಡುವವರ ಕಡೆ ಇದ್ದವು. ನನಗೆ ಡ್ರಮ್ ಬಿಟ್ಟು ಬೇರೇನೂ ಕೇಳುತ್ತಿರಲಿಲ್ಲ. ಗೊತ್ತೇ ಆಗದ ಹಾಗೆ ತಂತಿಯನ್ನು ಜಗ್ಗಿ ಜಗ್ಗಿ ಹೊಡೆದೆ. ಮಂಗಳಾರತಿ ಹೊತ್ತಿಗೆ ತೋರುಬೆರಳಿನ ತುದಿಯಲ್ಲಿ ಕಡಲೆ ಗಾತ್ರದ ಗುಳ್ಳೆ ಎದ್ದಿತ್ತು. ಎದುರು ಕೂತವರಿಗೆ ಕೇಳಿಸಿದ್ದು ಮಾತ್ರ ತಂತಿ ಫ್ರೆಟ್‌ಗೆ ಬಡಿಯುವ ಟಕಟಕ. ಗಟ್ಟಿಯಾಗಿ ಮೀಟಿದರೆ ದಪ್ಪ ಸ್ವರ ಬರುವುದಿಲ್ಲ ಮಾರಾಯಾ. ಮೆಲ್ಲ ಮೀಟು, ವಾಲ್ಯೂಮ್ ಏರಿಸು. ಕಾರ್ಯಕ್ರಮ ಶುರುವಾಗುವ ಮೊದಲೇ ಸೌಂಡ್‌ನವರ ಹತ್ತಿರ ಹೋಗಿ, "ಅಣ್ಣಾ, ನನ್ನ ಕಡೆಗೆ ಸ್ವಲ್ಪ ಬೇಸ್ ಕೊಡಿ" ಅಂತ ಕೇಳು. ನಾಚಿಕೆ ಬೇಡ. ಅದೂ ನುಡಿಸುವ ಕೆಲಸದ ಭಾಗವೇ.

ಕೊನೆಗೆ ತಂತಿಯ ಎತ್ತರ. ಅದು ಜಾಸ್ತಿಯಾದರೆ ಒತ್ತುವ ಬೆರಳಿಗೆ ಶ್ರಮ. 12ನೇ ಫ್ರೆಟ್‌ನ ಮೇಲೆ ದಪ್ಪ ತಂತಿಯ ಅಡಿಯಲ್ಲಿ ಎರಡರಿಂದ ಎರಡೂವರೆ ಮಿ.ಮೀ. ಜಾಗ ಸಾಕು. ಅಂಗಡಿಯಿಂದ ಬಂದ ಹಾಗೇ ಇರುವ ಬೇಸ್‌ಗಳಲ್ಲಿ ಮೂರೂವರೆ ಇದ್ದದ್ದನ್ನೂ ಕಂಡಿದ್ದೇನೆ. ಮೊದಲ ಫ್ರೆಟ್ ಮತ್ತು ಕೊನೆಯ ಫ್ರೆಟ್ ಎರಡನ್ನೂ ಒಟ್ಟಿಗೆ ಒತ್ತಿ ಹಿಡಿ. ಏಳು-ಎಂಟನೇ ಫ್ರೆಟ್ ಹತ್ತಿರ ತಂತಿಯ ಅಡಿಯಲ್ಲಿ ಒಂದು ವಿಸಿಟಿಂಗ್ ಕಾರ್ಡ್ ತೂರುವಷ್ಟು ಸಂದು ಇರಬೇಕು. ಜಾಸ್ತಿ ಇದ್ದರೆ ನೆಕ್ ಒಳಗಿನ ಟ್ರಸ್ ರಾಡ್ ಅನ್ನುವ ಸರಳನ್ನು ಬಲಕ್ಕೆ ಕಾಲು ಸುತ್ತು ಮಾತ್ರ ತಿರುಗಿಸಿ ಒಂದು ದಿನ ಬಿಡು. ಬಿಗಿ ಅನಿಸಿದರೆ ಅಲ್ಲಿಗೇ ನಿಲ್ಲಿಸಿ ಗೊತ್ತಿದ್ದವರಿಗೆ ಕೊಡು. ನಮ್ಮಲ್ಲಿ ವರ್ಷಕ್ಕೆ 3,000 ಮಿ.ಮೀ.ಗೂ ಜಾಸ್ತಿ ಮಳೆ. ಮರ ತೇವ ಕುಡಿಯುತ್ತದೆ, ಆಮೇಲೆ ಒಣಗುತ್ತದೆ. ಜೂನ್‌ನಲ್ಲಿ ಒಮ್ಮೆ, ಡಿಸೆಂಬರ್‌ನಲ್ಲಿ ಒಮ್ಮೆ ಇದನ್ನು ನೋಡಲೇಬೇಕು.

ಇಷ್ಟೆಲ್ಲ ಮಾಡಿಯೂ ಬೆರಳು ಜೋಮು ಹಿಡಿದರೆ, ರಾತ್ರಿ ನಿದ್ದೆಯಲ್ಲಿ ಕೈ ಮರಗಟ್ಟಿದರೆ, ಡಾಕ್ಟರ ಹತ್ತಿರ ಹೋಗು. ನೋವಿನ ಮೇಲೆ ನುಡಿಸಿ ಗಟ್ಟಿಯಾಗುತ್ತೇನೆ ಅಂದುಕೊಳ್ಳಬೇಡ.

ಡಿಗ್ರಿ ಓದುತ್ತಿದ್ದೇನೆ. ನನ್ನ ಬೆರಳುಗಳು ಗಿಡ್ಡ. ಮೊದಲ ನಾಲ್ಕು ಫ್ರೆಟ್‌ಗಳಿಗೆ ನಾಲ್ಕು ಬೆರಳು ಇಡಲು ಆಗುವುದೇ ಇಲ್ಲ. ಹುಡುಗಿಯರಿಗೆ ಬೇಸ್ ಆಗುವುದಿಲ್ಲ ಅಂತ ಕ್ಲಾಸ್‌ನಲ್ಲಿ ಹೇಳುತ್ತಾರೆ.
— ಓದುಗಳು, ಮುಳ್ಳೇರಿಯ

ಹಾಗೆ ಹೇಳಿದವರ ಮಾತನ್ನು ಬಿಟ್ಟುಬಿಡಿ ತಂಗಿ. ಅಮೆರಿಕದ ಕ್ಯಾರಲ್ ಕೇ 1960ರ ದಶಕದಲ್ಲಿ ಲಾಸ್ ಏಂಜಲೀಸ್‌ನ ಸ್ಟುಡಿಯೋಗಳಲ್ಲಿ ಲೆಕ್ಕವಿಲ್ಲದಷ್ಟು ರೆಕಾರ್ಡಿಂಗ್‌ಗಳಿಗೆ ಬೇಸ್ ನುಡಿಸಿದವರು.

ಲೆಕ್ಕ ನೋಡೋಣ. ಮಾಮೂಲಿ ಬೇಸ್‌ನ ತಂತಿಯ ಉದ್ದ 34 ಇಂಚು. ಅದರಲ್ಲಿ ಮೊದಲ ಫ್ರೆಟ್ ಕಂಬಿಯಿಂದ ನಾಲ್ಕನೆಯದಕ್ಕೆ ಸುಮಾರು 13 ಸೆಂ.ಮೀ. ಶಾರ್ಟ್ ಸ್ಕೇಲ್ ಅನ್ನುವ 30 ಇಂಚಿನದರಲ್ಲಿ 11 ಸೆಂ.ಮೀ. ಚಿಲ್ಲರೆ. ಒಂದೂವರೆ ಸೆಂ.ಮೀ. ವ್ಯತ್ಯಾಸ ಕೈಗೆ ಚೆನ್ನಾಗಿ ಗೊತ್ತಾಗುತ್ತದೆ. ಆದರೆ ಕೊಳ್ಳುವ ಮೊದಲು ಬೆರಳಿಡುವ ಕ್ರಮ ಬದಲಿಸಿ. ತಲೆಯ ಕಡೆಯ ಮೊದಲ ಫ್ರೆಟ್‌ಗಳಲ್ಲಿ ನಾಲ್ಕು ಫ್ರೆಟ್‌ಗೆ ನಾಲ್ಕು ಬೆರಳು ಬೇಡ. ಮೂರು ಫ್ರೆಟ್ ಸಾಕು: ತೋರುಬೆರಳು, ನಡುಬೆರಳು, ಮೂರನೆಯದಕ್ಕೆ ಉಂಗುರ ಬೆರಳು ಮತ್ತು ಕಿರುಬೆರಳು ಒಟ್ಟಿಗೆ. ನಾಲ್ಕನೆಯ ಫ್ರೆಟ್ ಬೇಕಾದಾಗ ಬೆರಳು ಚಾಚದೆ ಇಡೀ ಕೈಯನ್ನೇ ಸರಿಸಿ. ಆಳೆತ್ತರದ ಡಬಲ್ ಬೇಸ್ ನುಡಿಸುವವರು ಹಿಂದಿನಿಂದಲೂ ಹೀಗೇ ಮಾಡುತ್ತಾರೆ. 5ನೇ ಫ್ರೆಟ್ ದಾಟಿದ ಮೇಲೆ ಅದೇ ಅಂತರ 10 ಸೆಂ.ಮೀ. ಆಸುಪಾಸಿಗೆ ಬರುತ್ತದೆ, ಅಲ್ಲಿ ನಾಲ್ಕು ಬೆರಳು ಸುಲಭ. ಮೂರು ತಿಂಗಳು ಹೀಗೆ ನುಡಿಸಿ. ಆಮೇಲೂ ಕಷ್ಟ ಅನಿಸಿದರೆ ಶಾರ್ಟ್ ಸ್ಕೇಲ್ ತೆಗೆದುಕೊಳ್ಳಿ. ಅದು ಮಕ್ಕಳ ಆಟದ ಸಾಮಾನಲ್ಲ. ಬೀಟಲ್ಸ್ ತಂಡದ ಪಾಲ್ ಮೆಕಾರ್ಟ್ನಿ ಹಿಡಿದದ್ದೂ ಸಣ್ಣ ಬೇಸೇ.

ನನ್ನ 25 ವಾಟ್ಸ್ ಆಂಪ್ (ಆಂಪ್ಲಿಫೈಯರ್) ಮೈದಾನದ ಕಾರ್ಯಕ್ರಮದಲ್ಲಿ ಕೇಳುವುದೇ ಇಲ್ಲ. ದೊಡ್ಡದು ಕೊಳ್ಳಲು ಸಾಲ ಮಾಡಬೇಕು. ಏನು ಮಾಡಲಿ?
— ಓದುಗ, ಮಂಜೇಶ್ವರ

ಸಾಲ ಮಾಡಬೇಡಿ ಮಾರಾಯ್ರೇ. ಬೇಸ್‌ನ ದಪ್ಪ ತಂತಿ ಸೆಕೆಂಡಿಗೆ 41 ಸಲ ಅದುರುತ್ತದೆ. ಅಷ್ಟು ತಗ್ಗಿನ ಸ್ವರವನ್ನು ತೆರೆದ ಮೈದಾನದಲ್ಲಿ ಹಿಂದಿನ ಸಾಲಿನವರೆಗೆ ಮುಟ್ಟಿಸುವುದು ದೊಡ್ಡ ಸಬ್ ಬಾಕ್ಸ್‌ಗಳ ಕೆಲಸ. ಅವು ಸೌಂಡ್‌ನವರ ಲಾರಿಯಲ್ಲಿ ಹೇಗೂ ಬರುತ್ತವೆ. ನಿಮಗೆ ಬೇಕಾದದ್ದು ಒಂದು ಡಿಐ ಬಾಕ್ಸ್. ಅಂಗೈ ಗಾತ್ರದ್ದು. ಬೇಸ್‌ನ ಸಿಗ್ನಲ್ಲನ್ನು ಉದ್ದ ಕೇಬಲ್‌ನಲ್ಲಿ ಗದ್ದಲ ಇಲ್ಲದೆ ಸೌಂಡ್‌ನವರ ಮಿಕ್ಸರ್‌ಗೆ ಕಳಿಸುತ್ತದೆ. ಅದರ ಇನ್ನೊಂದು ತೂತಿನಿಂದ ನಿಮ್ಮ 25 ವಾಟ್ಸ್ ಆಂಪ್‌ಗೆ ಕನೆಕ್ಷನ್ ಕೊಡಿ. ಆಂಪನ್ನು ನೆಲದಲ್ಲಿಟ್ಟರೆ ಅದು ನಿಮ್ಮ ಮೊಣಕಾಲಿಗೆ ನುಡಿಸುತ್ತದೆ. ಹಿಂದೆ ಒಂದು ಕುರ್ಚಿ ಹಾಕಿ ಅದರ ಮೇಲಿಡಿ, ನಿಮ್ಮ ಕಿವಿಗೆ ನೇರ. ನಾನು ಹತ್ತು ವರ್ಷದಿಂದ ಹೀಗೇ ಮಾಡುತ್ತಿದ್ದೇನೆ.

ಇಲ್ಲಿ ಒಂದು ಮಾತು ಒತ್ತಿ ಹೇಳಬೇಕು. ಜನರೇಟರ್‌ನ ಗುಂಯ್ ಸದ್ದು ಹೋಗಲಿ ಅಂತ ಕೆಲವರು ಪ್ಲಗ್‌ನ ಅರ್ತ್ ಪಿನ್ನನ್ನೇ ಮುರಿದು ಹಾಕುತ್ತಾರೆ. ದಯವಿಟ್ಟು ಮಾಡಬೇಡಿ. ಒಮ್ಮೆ ಮಳೆ ಬಿಟ್ಟ ಮೈದಾನದಲ್ಲಿ ಕೋರಸ್ ಹಾಡಲು ಬಗ್ಗಿದೆ. ತುಟಿ ಮೈಕ್‌ಗೆ ತಾಗಿದ್ದೇ ತಡ, ಹಲ್ಲಿನ ಬುಡದಿಂದ ಮೊಣಕೈವರೆಗೆ ಯಾರೋ ಜಾಡಿಸಿ ಎಳೆದ ಹಾಗಾಯಿತು. ಬೆರಳು ತಂತಿಯ ಮೇಲೇ ಇತ್ತಲ್ಲ, ಕರೆಂಟ್ ನನ್ನ ಮೂಲಕವೇ ದಾರಿ ಮಾಡಿಕೊಂಡಿತ್ತು. ನೋಡಿದರೆ ನನ್ನ ಆಂಪ್‌ಗೆ ಕೊಟ್ಟ ಎಕ್ಸ್‌ಟೆನ್ಶನ್ ಬೋರ್ಡ್‌ನಲ್ಲಿ ಅರ್ತ್ ಇರಲಿಲ್ಲ. 1972ರಲ್ಲಿ ಬ್ರಿಟನ್‌ನ ಸ್ವಾನ್ಸಿಯಲ್ಲಿ ಲೆಸ್ಲಿ ಹಾರ್ವೆ ಅನ್ನುವ ಗಿಟಾರ್ ವಾದಕ ಅರ್ತ್ ಇಲ್ಲದ ಮೈಕ್ ಮುಟ್ಟಿ ಸ್ಟೇಜ್ ಮೇಲೆಯೇ ಪ್ರಾಣ ಬಿಟ್ಟರು. ಈಗ ನಾನು ಬ್ಯಾಗ್ ಇಳಿಸಿದ ಕೂಡಲೇ ಮೊದಲು ನೋಡುವುದು ಬೋರ್ಡ್ ಮತ್ತು ಪ್ಲಗ್. ಗುಂಯ್ ಸದ್ದಿಗೆ ಡಿಐ ಬಾಕ್ಸ್‌ನಲ್ಲೇ ಗ್ರೌಂಡ್ ಲಿಫ್ಟ್ ಅಂತ ಸ್ವಿಚ್ ಇರುತ್ತದೆ, ಅದನ್ನು ಒತ್ತಿ. ಅದು ಸಿಗ್ನಲ್ ಕೇಬಲ್‌ನದ್ದನ್ನು ಮಾತ್ರ ಬಿಡಿಸುತ್ತದೆ, ಕರೆಂಟಿನ ಅರ್ತ್ ಹಾಗೇ ಉಳಿಯುತ್ತದೆ.

ಕಾರ್ಯಕ್ರಮದ ಮಧ್ಯೆ ಬೇಸ್‌ನ ಸ್ವರ ಗೊರಗೊರ ಆಗಿ ನಿಂತೇ ಹೋಯಿತು. ಬ್ಯಾಟರಿ ಮುಗಿದದ್ದಂತೆ. ತಿಂಗಳ ಹಿಂದಷ್ಟೇ ಹಾಕಿದ್ದೆ.
— ಓದುಗ, ಕಾಸರಗೋಡು

ನಿಮ್ಮದು ಆಕ್ಟಿವ್ ಬೇಸ್, 9 ವೋಲ್ಟ್ ಬ್ಯಾಟರಿಯದ್ದು. ಕೇಬಲ್ ಸಿಕ್ಕಿಸಿದ ಕೂಡಲೇ ಅದು ಆನ್ ಆಗುತ್ತದೆ, ನುಡಿಸಿದರೂ ಇಲ್ಲದಿದ್ದರೂ. ಮನೆಯಲ್ಲಿ ಕೇಬಲ್ ಸಿಕ್ಕಿಸಿಯೇ ಗೋಡೆಗೆ ಒರಗಿಸಿಡುತ್ತೀರಿ ಅಂತ ಕಾಣುತ್ತದೆ. ತೆಗೆದಿಡಿ. ಒಂದು ಹೊಸ ಬ್ಯಾಟರಿ ಬ್ಯಾಗ್‌ನಲ್ಲಿ ಯಾವಾಗಲೂ ಇರಲಿ.

ಕೀಬೋರ್ಡ್‌ನವರು ಎಡಗೈಯಲ್ಲಿ ಬೇಸ್ ನುಡಿಸುತ್ತಲೇ ಇರುತ್ತಾರೆ. ನನ್ನದೂ ಅವರದ್ದೂ ಸೇರಿ ಬರೀ ಕೆಸರು. ಅವರು ಹಿರಿಯರು, ಹೇಗೆ ಹೇಳಲಿ?
— ಓದುಗ, ಪೆರ್ಲ

ಅವರದ್ದು ತಪ್ಪಲ್ಲ. ಬೇಸ್ ಇಲ್ಲದ ತಂಡಗಳಲ್ಲಿ ವರ್ಷಗಟ್ಟಲೆ ಆ ಎಡಗೈಯೇ ಎಲ್ಲವನ್ನೂ ಹೊತ್ತದ್ದು. ಎಲ್ಲರ ಎದುರು ಹೇಳಬೇಡಿ. ರಿಹರ್ಸಲ್ ಮುಗಿದು ಚಾ ಕುಡಿಯುವಾಗ ಒಂದು ಹಾಡು ಮಾತ್ರ ಕೇಳಿಕೊಳ್ಳಿ. "ಅಣ್ಣಾ, ಈ ಹಾಡಿನ ಬೇಸ್ ಪೂರ್ತಿ ಕಲಿತಿದ್ದೇನೆ, ಇದೊಂದನ್ನು ನನಗೆ ಬಿಟ್ಟುಕೊಡ್ತೀರಾ?" ಅಂತ. ಇಳಯರಾಜ ಅವರ ಹಳೆಯ ಹಾಡೊಂದನ್ನು ಆರಿಸಿಕೊಳ್ಳಿ. ಅವುಗಳಲ್ಲಿ ಬೇಸ್ ತನ್ನದೇ ದಾರಿಯಲ್ಲಿ ಹಾಡಿನ ಜೊತೆ ನಡೆಯುತ್ತದೆ. ಒಂದು ಸ್ವರವೂ ತಪ್ಪದ ಹಾಗೆ ನುಡಿಸಿ. ನಾನು ಹೀಗೆ ಮಾಡಿದಾಗ ಎರಡನೆಯ ಹಾಡನ್ನು ನಮ್ಮ ಕೀಬೋರ್ಡ್‌ನವರೇ ಬಿಟ್ಟುಕೊಟ್ಟರು.

ಮಗ ಕಾರ್ಯಕ್ರಮ ಮುಗಿಸಿ ಬಂದರೆ ಕಿವಿಯಲ್ಲಿ ಕುಂಯ್ ಅನ್ನುತ್ತದೆ ಅನ್ನುತ್ತಾನೆ. ಬೆಳಿಗ್ಗೆ ಸರಿಯಾಗುತ್ತದೆ. ಚಿಂತೆ ಮಾಡಬೇಕಾ?
— ತಾಯಿ, ನೀರ್ಚಾಲು

ಮಾಡಬೇಕು ಅಕ್ಕ. ಬೆಳಿಗ್ಗೆ ಸರಿಯಾದದ್ದು ಇವತ್ತಿನ ಮಟ್ಟಿಗೆ ಅಷ್ಟೇ. 85 ಡೆಸಿಬಲ್ ಸದ್ದಿನಲ್ಲಿ ದಿನಕ್ಕೆ 8 ಗಂಟೆ ಇರಬಹುದು ಅನ್ನುವುದು ಕೆಲಸಗಾರರ ಸುರಕ್ಷೆ, ಆರೋಗ್ಯ ನೋಡುವ ಅಮೆರಿಕದ ಎನ್‌ಐಒಎಸ್‌ಎಚ್ ಸಂಸ್ಥೆಯ ಲೆಕ್ಕ. ಮೂರು ಡೆಸಿಬಲ್ ಏರಿದ ಹಾಗೆ ಹೊತ್ತು ಅರ್ಧ ಆಗುತ್ತದೆ. 100 ಡೆಸಿಬಲ್‌ಗೆ ಕಾಲು ಗಂಟೆ ಮಾತ್ರ. ಡ್ರಮ್ ಪಕ್ಕದಲ್ಲಿ ಅಷ್ಟು ಸದ್ದು ಸುಲಭವಾಗಿ ಆಗುತ್ತದೆ. ಸಂಗೀತಗಾರರಿಗಾಗಿಯೇ ಮಾಡಿದ ಇಯರ್‌ಪ್ಲಗ್ ಸಿಗುತ್ತವೆ, ಸ್ವರ ಮಸುಕಾಗದೆ ಸದ್ದು ಮಾತ್ರ ತಗ್ಗುತ್ತದೆ. ಹುಟ್ಟುಹಬ್ಬಕ್ಕೆ ಅದನ್ನೇ ಕೊಡಿ. ಮತ್ತೆ, ಡ್ರಮ್‌ನ ದೊಡ್ಡ ತಾಳದ ಪಕ್ಕದಿಂದ ಎರಡು ಹೆಜ್ಜೆ ಹಿಂದೆ ನಿಲ್ಲಲು ಹೇಳಿ.

ಕಡಲ ಬದಿಯ ಮನೆ. ಎರಡೇ ತಿಂಗಳಲ್ಲಿ ತಂತಿಗೆ ತುಕ್ಕು.
— ಓದುಗ, ಬೇಕಲ

ಉಪ್ಪುಗಾಳಿ ಮತ್ತು ಬೆವರು ಸೇರಿದರೆ ಹಾಗೇ. ನುಡಿಸಿದ ಮೇಲೆ ಒಣ ಹತ್ತಿ ಬಟ್ಟೆಯಿಂದ ಪ್ರತಿ ತಂತಿಯನ್ನೂ ಮೇಲೆ, ಅಡಿಯಲ್ಲಿ ಎರಡೂ ಕಡೆ ಒರೆಸಿ. ಅಡಿಯಲ್ಲಿ ಒರೆಸಲು ಎಲ್ಲರೂ ಮರೆಯುತ್ತಾರೆ. ಬ್ಯಾಗ್‌ನೊಳಗೆ ಸಿಲಿಕಾ ಜೆಲ್ ಪೊಟ್ಟಣ ನಾಲ್ಕೈದು ಹಾಕಿಡಿ, ಮಳೆಗಾಲದಲ್ಲಿ ಒದ್ದೆಯಾದ ಹಾಗೆ ಬದಲಿಸಿ. ತುಕ್ಕು ಹಿಡಿಯದೆ ಬರೀ ಜಿಡ್ಡಿನಿಂದ ಸ್ವರ ಮಂಕಾಗಿದ್ದರೆ ತಂತಿ ಬಿಚ್ಚಿ ಹತ್ತು ನಿಮಿಷ ನೀರಿನಲ್ಲಿ ಕುದಿಸಿ, ಪೂರ್ತಿ ಒಣಗಿಸಿ ಮತ್ತೆ ಹಾಕಿ. ಕೆಲವು ವಾರಗಳ ಮಟ್ಟಿಗೆ ಹೊಸದರ ಹಾಗೇ ನುಡಿಯುತ್ತದೆ. ಕುದಿಸಲು ಅಡುಗೆಯ ಪಾತ್ರೆ ಬೇಡ, ಬೇರೆಯೇ ಒಂದು ಇಟ್ಟುಕೊಳ್ಳಿ.