ಗುಂಡಿ ಒತ್ತಿದರೆ ಪ್ರೀತಿ ಬರುತ್ತಾ?

“ಕಳೆದ ಸಂಚಿಕೆಯಲ್ಲಿ ನೀವು ಹೊಗಳಿದ ಪ್ರೇಮದ ಎಲೆಕ್ಟ್ರಾನಿಕ್ ಆಲ್ಬಮ್ ಕೇಳಿದೆ. ಮೊದಲ ಹಾಡಿನಲ್ಲೇ ಆರು ನಿಮಿಷ ಒಂದೇ ದನಿ ಗುಂಯ್ ಅನ್ನುತ್ತದೆ. ಗುಂಡಿ ಒತ್ತುವವರಿಗೆ ಪ್ರೀತಿಯ ಗೊಡವೆ ಯಾಕೆ?” ಎಂದು ಓದುಗರೊಬ್ಬರು ಕೇಳಿದ್ದಾರೆ.

ಸಿಟ್ಟಿನ ಪತ್ರ, ಆದರೆ ಅಕ್ಷರ ಮುದ್ದಾಗಿದೆ. ಕೈಯಲ್ಲೇ ಬರೆದಿದ್ದೀರಿ. ಅದಕ್ಕೇ ಈ ಉದ್ದ ಉತ್ತರ.

ಒಪ್ಪುತ್ತೇನೆ. ರೆಡಿಮೇಡ್ ತಾಳ ತಂದು ಅಂಟಿಸಿ, ಮೇಲೆ ನಾಲ್ಕು ಸಲ ‘ಲವ್’ ಅಂದು ಕೈತೊಳೆದುಕೊಳ್ಳುವವರು ಬೇಕಾದಷ್ಟಿದ್ದಾರೆ. ನಿಮ್ಮ ಕಡೆಗೆ ಇಷ್ಟು ಸಾಕು.

1961ರಲ್ಲಿ ಅಮೆರಿಕದ ಸಂಶೋಧನಾಲಯ ಬೆಲ್ ಲ್ಯಾಬ್ಸ್‌ನಲ್ಲಿ ಐಬಿಎಂ ಕಂಪ್ಯೂಟರೊಂದಕ್ಕೆ ಹಾಡು ಕಲಿಸಿದರು. ಯಾವುದು ಗೊತ್ತಾ? ‘ಡೇಸಿ ಬೆಲ್’. ಸಾರೋಟಿಗೆ ಕಾಸಿಲ್ಲ, ಇಬ್ಬರು ಕೂರುವ ಸೈಕಲ್ ಇದೆ, ಮದುವೆಯಾಗುತ್ತೀಯಾ ಎಂದು ಹುಡುಗ ಕೇಳುವ 1892ರ ಹಾಡು. ಅಷ್ಟು ದೊಡ್ಡ ವಿಜ್ಞಾನಿಗಳಿಗೂ ಬೇರೆ ಹಾಡು ಹೊಳೆಯಲಿಲ್ಲ ನೋಡಿ.

ಇನ್ನು 1977ರ ‘ಐ ಫೀಲ್ ಲವ್’. ಡೊನ್ನಾ ಸಮ್ಮರ್ ಹಾಡಿದ್ದು, ಜಾರ್ಜಿಯೊ ಮೊರೊಡರ್ ಮತ್ತು ಪೀಟ್ ಬೆಲೊಟ್ ಮ್ಯೂನಿಕ್‌ನಲ್ಲಿ ಮಾಡಿದ್ದು. ವಾದ್ಯವೆಲ್ಲ ಹೆಚ್ಚುಕಮ್ಮಿ ವಿದ್ಯುತ್ತಿನಿಂದ ದನಿ ಹುಟ್ಟಿಸುವ ಮೂಗ್ ಸಿಂಥಸೈಜರ್‌ನದೇ. ಆ ಯಂತ್ರವೋ ಶ್ರುತಿಯಲ್ಲಿ ನಿಲ್ಲುತ್ತಿರಲಿಲ್ಲ. ಚೂರು ರೆಕಾರ್ಡ್ ಮಾಡುವುದು, ನಿಲ್ಲಿಸುವುದು, ಮತ್ತೆ ಶ್ರುತಿ ಕೂಡಿಸುವುದು. ಬಾಸ್ ಡ್ರಮ್ಮಿನ ಗುದ್ದಂತೂ ಅದರಿಂದ ಸರಿಯಾಗಿ ಬರಲೇ ಇಲ್ಲ. ಕೊನೆಗೆ ಕೀತ್ ಫೋರ್ಸಿ ಎಂಬ ಡ್ರಮ್ಮರ್ ಕೂತು ಕಾಲಲ್ಲಿ ಬಾರಿಸಿದರು. ನೀವು ಗುಂಡಿ ಅಂದುಕೊಂಡಿದ್ದು ಒಬ್ಬ ಮನುಷ್ಯನ ಮೀನಖಂಡ! ಹೆಡ್‌ಫೋನ್ ಹಾಕಿ ಕೇಳಿ. ಬಾಸ್ ಎಂಬ ತಗ್ಗಿನ ಸ್ವರ ಒಂದು ಕಿವಿಗೆ ಬಂದು, ಕೂದಲೆಳೆಯಷ್ಟು ತಡವಾಗಿ ಇನ್ನೊಂದಕ್ಕೆ ಬರುತ್ತದೆ. ಯಾರೋ ಹೆಜ್ಜೆ ಕೂಡಿಸಿಕೊಂಡು ಪಕ್ಕದಲ್ಲೇ ನಡೆಯುತ್ತಿದ್ದ ಹಾಗೆ.

‘ಒಂದೇ ದನಿ’ ಅಂದಿರಲ್ಲ, ಪ್ರೀತಿಯಲ್ಲಿ ಬಿದ್ದವರ ಜೊತೆ ಒಂದು ಸಂಜೆ ಕೂತಿದ್ದೀರಾ? ನನ್ನ ಹಳೇ ರೂಮ್‌ಮೇಟ್ ಒಬ್ಬ, ಅವಳು “ಸರಿ, ಆಮೇಲೆ ಸಿಗ್ತೀನಿ” ಅಂದಿದ್ದನ್ನು ಇಡೀ ಮಳೆಗಾಲ ಹೇಳಿದ. ಒಮ್ಮೆ ‘ಸರಿ’ಗೆ ಒತ್ತು, ಒಮ್ಮೆ ‘ಆಮೇಲೆ’ಗೆ. ಒಂದೇ ತುಣುಕು ಮತ್ತೆ ಮತ್ತೆ, ಅದೂ ಲೂಪೇ ಅಲ್ವಾ? ಆಲ್ಬಮ್ಮಿನವರೂ ಸ್ವರ ಬದಲಿಸುವುದಿಲ್ಲ, ದನಿಯ ಚೂಪನ್ನು ತಡೆದಿಡುವ ಫಿಲ್ಟರನ್ನು ಮಾತ್ರ ನಿಧಾನಕ್ಕೆ ತೆರೆಯುತ್ತಾರೆ. ಮುಚ್ಚಿದ ಬಾಗಿಲಾಚೆ ಗೊಣಗುತ್ತಿದ್ದ ದನಿ ನಾಲ್ಕನೇ ನಿಮಿಷಕ್ಕೆ ಕಿವಿಯ ಪಕ್ಕ ಬಂದು ನಿಲ್ಲುತ್ತದೆ.

ಆದರೆ ನಾಲ್ಕನೇ ನಿಮಿಷದ ತನಕ ಈಗ ಯಾರು ಕಾಯುತ್ತಾರೆ? ಹತ್ತು ಸೆಕೆಂಡ್ ಕೇಳಿ ಮುಂದಕ್ಕೆ ತಳ್ಳುತ್ತಾರೆ. ಫೋನಿನ ಪುಟ್ಟ ಸ್ಪೀಕರಿನಲ್ಲಿ ಬಾಸ್ ಸತ್ತುಹೋಗುತ್ತದೆ. ಅರ್ಧ ಹಾಡು ಕೇಳಿ, ಸುಮ್ನೆ, ಹಾಡಿಗೆ ಜೀವ ಇಲ್ಲ ಅಂತಾರೆ. ಡ್ರಮ್ ಬಾರಿಸಿದವರ ಹೆಸರು ಮುಂಚೆ ಕವರಿನ ಹಿಂದೆ ಇರುವೆ ಸಾಲಿನಂಥ ಅಕ್ಷರದಲ್ಲಾದರೂ ಇರುತ್ತಿತ್ತು. ಈಗ ಹುಡುಕಬೇಕು. (ನಮ್ಮ ಲೇಖನಗಳನ್ನೂ ಎರಡನೇ ಪ್ಯಾರಾಕ್ಕೆ ಬಿಡುವವರಿದ್ದಾರೆ. ಗೊತ್ತು.)

ನೀವು ಆ ಪೈಕಿ ಅಲ್ಲ. ಆರು ನಿಮಿಷ ಅಂತ ಲೆಕ್ಕ ಇಟ್ಟಿದ್ದೀರಿ, ಅಂದರೆ ಬೈದುಕೊಂಡೇ ಕೊನೆವರೆಗೂ ಕೇಳಿದ್ದೀರಿ. ಇನ್ನೊಮ್ಮೆ ದೀಪ ಆರಿಸಿ ಕೇಳಿ. ಆಗಲೂ ಗುಂಯ್ ಅಂತಲೇ ಕೇಳಿಸಿದರೆ ಮತ್ತೊಂದು ಪತ್ರ ಹಾಕಿ. ಕೈಯಲ್ಲೇ ಬರೆಯಿರಿ.

– ಸಂ.