ಗೊತ್ತಿದ್ದೇ ಇಳಿದವರು, ಗೊತ್ತಿಲ್ಲದೇ ಸತ್ತವರು

ಪ್ರಿಯ ಓದುಗರೇ,

ರೇಸಿಂಗ್‌ನಲ್ಲಿ ಆದ ಸಾವುಗಳ ಬಗ್ಗೆ ಹೋದ ಸಂಚಿಕೆಯಲ್ಲಿ ಬಂದ ಲೇಖನಕ್ಕೆ ನೀವು ಬರೆದ ಉದ್ದನೆಯ ಪತ್ರ ಕೈಸೇರಿದೆ. ಸಿಟ್ಟಿನಲ್ಲೇ ಬರೆದಿದ್ದೀರಿ, ಆದರೆ ಯೋಚಿಸಿ ಬರೆದಿದ್ದೀರಿ. ಎರಡು ಸಾಲಿನಲ್ಲಿ ಉತ್ತರ ಮುಗಿಸಲು ಮನಸ್ಸಾಗಲಿಲ್ಲ. ಪತ್ರ ನೋಡದ ಉಳಿದ ಓದುಗರಿಗಾಗಿ ಅದರ ತಿರುಳನ್ನು ಮೊದಲು ಹೇಳಿಬಿಡುತ್ತೇನೆ. ಡ್ರೈವರ್‌ಗಳು ಅಪಾಯ ಗೊತ್ತಿದ್ದೇ ಕಾರಿಗೆ ಹತ್ತಿದವರು, ಅವರ ಸಾವಿಗೆ ನಾವು ಕಣ್ಣೀರು ಹಾಕುವುದು ಅವರಿಗೇ ಅವಮಾನ ಅನ್ನುತ್ತೀರಿ. ಹಳೆಯ ಕಾಲದ ರೇಸ್ ಗಂಡೆದೆಯವರ ಆಟವಾಗಿತ್ತು, ಈಗ ಹೇಲೋ (ಡ್ರೈವರ್ ತಲೆಯ ಸುತ್ತ ಇರುವ ಲೋಹದ ಕಮಾನು), ಸೇಫ್ಟಿ ಕಾರ್ (ಅಪಘಾತವಾದಾಗ ಮುಂದೆ ಬಂದು ಎಲ್ಲರ ವೇಗ ತಗ್ಗಿಸುವ ಕಾರು) ಅಂತೆಲ್ಲ ತಂದು ಅದರ ಜೀವವನ್ನೇ ತೆಗೆದಿದ್ದಾರೆ ಅನ್ನುತ್ತೀರಿ. ಸುಟ್ಟ ಮುಖದಲ್ಲೇ ಮತ್ತೆ ಕಾರು ಹತ್ತಿದ ಫಾರ್ಮುಲಾ ಒನ್ ಡ್ರೈವರ್ ನಿಕಿ ಲೌಡಾ ಅವರನ್ನು ನೆನಪಿಸಿ, ಅಂಥವರು ಇವತ್ತು ಎಲ್ಲಿದ್ದಾರೆ ಅಂತ ಕೇಳಿದ್ದೀರಿ. ಕೊನೆಗೆ ಸ್ವಿಟ್ಜರ್ಲೆಂಡಿನ ಬಗ್ಗೆ ಒಂದು ಪ್ರಶ್ನೆ.

ಗೊತ್ತಿದ್ದೇ ಹತ್ತಿದವರು ಅನ್ನುವ ಮಾತನ್ನೇ ಮೊದಲು ತಗೊಳ್ಳೋಣ. 1955ರ ಜೂನ್ 11ರ ಸಂಜೆ, ಫ್ರಾನ್ಸಿನ ಲೆ ಮಾನ್‌ನಲ್ಲಿ 24 ಗಂಟೆಗಳ ರೇಸ್ ಶುರುವಾಗಿ ಎರಡೂವರೆ ಗಂಟೆ ಆಗಿರಬಹುದು. ಆಗ ಅಲ್ಲಿ ಪಿಟ್‌ಗೂ (ಪೆಟ್ರೋಲ್, ಟೈರ್‌ಗಾಗಿ ಕಾರುಗಳು ನಿಲ್ಲುವ ಜಾಗ) ಟ್ರ್ಯಾಕಿಗೂ ಮಧ್ಯೆ ಗೋಡೆಯೇ ಇರಲಿಲ್ಲ. ಮೈಕ್ ಹಾಥಾರ್ನ್ ತಮ್ಮ ಜಾಗ್ವಾರನ್ನು ಪಿಟ್‌ಗೆ ತರಲು ಬ್ರೇಕ್ ಹಾಕಿದರು. ಹಿಂದಿದ್ದ ಲ್ಯಾನ್ಸ್ ಮ್ಯಾಕ್ಲಿನ್, ಹಾಥಾರ್ನ್ ಕಾರಿಗೆ ಗುದ್ದುವುದನ್ನು ತಪ್ಪಿಸಲು ಎಡಕ್ಕೆ ಎಳೆದರು. ಅವರ ಹಿಂದೆ ಪೂರ್ತಿ ವೇಗದಲ್ಲಿ ಬರುತ್ತಿದ್ದ ಪಿಯರ್ ಲೆವೆ ಅವರ ಮರ್ಸಿಡಿಸ್, ಮ್ಯಾಕ್ಲಿನ್ ಕಾರಿನ ಹಿಂಭಾಗದ ಮೇಲೆ ಹತ್ತಿ ಗಾಳಿಗೆ ಹಾರಿತು. ಪಕ್ಕದ ಮಣ್ಣಿನ ದಿಬ್ಬಕ್ಕೆ ಬಡಿದು ಚೂರಾಯಿತು. ಎಂಜಿನ್, ಮುಂದಿನ ಆಕ್ಸಲ್ ಎಲ್ಲ ಕಿತ್ತು ಜನರ ನಡುವೆ ನುಗ್ಗಿದವು. ಕಾರಿನ ಮೈ ಮೆಗ್ನೀಸಿಯಂ ಮಿಶ್ರಲೋಹದ್ದು. ನೀರು ಹಾಕಿದರೆ ಅದರ ಬೆಂಕಿ ಇನ್ನೂ ಜಾಸ್ತಿಯಾಗುತ್ತದೆ. ಲೆವೆ ಅವರ ಜೊತೆಗೆ 80ಕ್ಕೂ ಹೆಚ್ಚು ಪ್ರೇಕ್ಷಕರು ಸತ್ತರು.

ಆ ಪ್ರೇಕ್ಷಕರು ಯಾವ ಅಪಾಯಕ್ಕೂ ಸಹಿ ಹಾಕಿರಲಿಲ್ಲ. ಟಿಕೆಟ್ ತಗೊಂಡು ನೋಡಲು ಬಂದಿದ್ದರು, ಅಷ್ಟೇ. ಎರಡು ವರ್ಷದ ನಂತರ ಇಟಲಿಯ ಮಿಲೆ ಮಿಲ್ಯಾ ರೇಸಿನಲ್ಲಿ ಗ್ವಿದಿತ್ಸೋಲೊ ಹತ್ತಿರ ಅಲ್ಫೋನ್ಸೊ ಡಿ ಪೋರ್ತಾಗೊ ಅವರ ಫೆರಾರಿಯ ಟೈರ್ ಸಿಡಿಯಿತು. ಸಾಮಾನ್ಯ ರಸ್ತೆಯ ಬದಿಯಲ್ಲಿ ನಿಂತು ನೋಡುತ್ತಿದ್ದ 9 ಜನ ಸತ್ತರು, ಅವರಲ್ಲಿ 5 ಮಂದಿ ಮಕ್ಕಳು. 1961ರಲ್ಲಿ ಮೋಂಜಾದಲ್ಲಿ ವೋಲ್ಫ್‌ಗಾಂಗ್ ಫಾನ್ ಟ್ರಿಪ್ಸ್ ಅವರ ಕಾರು ಜನರತ್ತ ಹಾರಿದಾಗಲೂ ಇದೇ ಕಥೆ. ಟ್ರ್ಯಾಕ್ ಪಕ್ಕ ನಿಂತು ಧ್ವಜ ತೋರಿಸುವ, ಅಪಘಾತವಾದರೆ ಸಹಾಯಕ್ಕೆ ಓಡುವ ಮಾರ್ಷಲ್‌ಗಳ ವಿಷಯ ಇನ್ನೂ ಬೇರೆ. ಎಷ್ಟೋ ಕಡೆ ಅವರು ಸಂಬಳವೂ ಇಲ್ಲದೆ, ಆಟದ ಮೇಲಿನ ಪ್ರೀತಿಗೆ ಬಂದು ನಿಲ್ಲುವವರು. 1977ರಲ್ಲಿ ದಕ್ಷಿಣ ಆಫ್ರಿಕಾದ ಕ್ಯಾಲಾಮಿಯಲ್ಲಿ 19 ವರ್ಷದ ಮಾರ್ಷಲ್ ಒಬ್ಬರು ಬೆಂಕಿ ಆರಿಸುವ ಸಿಲಿಂಡರ್ ಹಿಡಿದು ಟ್ರ್ಯಾಕ್ ದಾಟುತ್ತಿದ್ದರು. ಏರಿನ ಆಚೆಯಿಂದ ಬಂದ ಟಾಮ್ ಪ್ರೈಸ್ ಅವರ ಕಾರು ಅವರಿಗೆ ಬಡಿಯಿತು, ಆ ಸಿಲಿಂಡರ್ ಪ್ರೈಸ್ ಅವರ ತಲೆಗೆ ಬಡಿಯಿತು. ಇಬ್ಬರೂ ಆ ಕ್ಷಣವೇ ಹೋದರು. 2000ದಲ್ಲಿ ಮೋಂಜಾದಲ್ಲಿ, 2001ರಲ್ಲಿ ಮೆಲ್ಬರ್ನ್‌ನಲ್ಲಿ, ಅಪಘಾತವಾದ ಕಾರಿನಿಂದ ಕಿತ್ತುಬಂದ ಚಕ್ರ ಬಡಿದು ಒಬ್ಬೊಬ್ಬ ಮಾರ್ಷಲ್ ಸತ್ತರು.

ಸರಿ, ಡ್ರೈವರ್‌ಗಳಾದರೂ ಗೊತ್ತಿದ್ದೇ ಇಳಿದವರು ಅಲ್ವಾ? ವೇಗದ ಅಪಾಯ ಅವರಿಗೆ ಗೊತ್ತಿತ್ತು, ಒಪ್ಪುತ್ತೇನೆ. ಅವರಿಗೆ ಗೊತ್ತಿಲ್ಲದೇ ಇದ್ದದ್ದು ಬೇರೆ. ಮುಂದಿನ ತಿರುವಿನಲ್ಲಿ ಬ್ಯಾರಿಯರ್‌ನ ಬೋಲ್ಟ್ ಯಾರಾದರೂ ಬಿಗಿ ಮಾಡಿದ್ದಾರಾ, ಸಿಲಿಂಡರ್‌ನಲ್ಲಿ ಏನಾದರೂ ಇದೆಯಾ, ಆಂಬುಲೆನ್ಸ್ ಡ್ರೈವರ್‌ಗೆ ಆಸ್ಪತ್ರೆಯ ದಾರಿ ಗೊತ್ತಿದೆಯಾ, ಇದನ್ನೆಲ್ಲ ಕಾರಿನಲ್ಲಿ ಕೂತವರು ಹೇಗೆ ತಿಳಿಯಬೇಕು?

ಆಂಬುಲೆನ್ಸ್ ಮಾತು ಸುಮ್ನೆ ಆಡಿದ್ದಲ್ಲ. 1966, ಬೆಲ್ಜಿಯಂನ ಸ್ಪಾ. ಮೊದಲ ಸುತ್ತಿನಲ್ಲೇ ಮಳೆ. ಸ್ಕಾಟ್ಲೆಂಡಿನ ಡ್ರೈವರ್ ಜಾಕಿ ಸ್ಟೀವರ್ಟ್ ಅವರ ಕಾರು ಮಾಸ್ತಾ ತಿರುವಿನ ಬಳಿ ಜಾರಿ ರಸ್ತೆ ಬಿಟ್ಟು, ಒಂದು ಹೊಲದ ಮನೆಯ ಕೆಳಗಿನ ಅಂಗಳಕ್ಕೆ ಹೋಗಿ ಬಿತ್ತು. ಪೆಟ್ರೋಲ್ ಟ್ಯಾಂಕ್ ಒಡೆದು ಮೈಯೆಲ್ಲ ತೊಯ್ದುಹೋಗಿತ್ತು. ಕಾಲು ಸ್ಟೀರಿಂಗಿನ ಅಡಿಯಲ್ಲಿ ಸಿಕ್ಕಿಕೊಂಡಿತ್ತು. ಎಲ್ಲೋ ಒಂದು ಕಿಡಿ ಹಾರಿದ್ದರೆ ಅಲ್ಲಿಗೇ ಮುಗಿಯುತ್ತಿತ್ತು. ಮಾರ್ಷಲ್‌ಗಳು ಬರಲಿಲ್ಲ. ಅದೇ ಜಾಗದಲ್ಲಿ ರಸ್ತೆ ಬಿಟ್ಟಿದ್ದ ಇನ್ನಿಬ್ಬರು ಡ್ರೈವರ್‌ಗಳು, ಗ್ರಹಾಂ ಹಿಲ್ ಮತ್ತು ಬಾಬ್ ಬೊಂಡುರಾಂಟ್, ಓಡಿಬಂದರು. ಸ್ಟೀರಿಂಗ್ ಬಿಚ್ಚದೆ ಅವರನ್ನು ಹೊರಗೆ ಎಳೆಯಲು ಆಗುವಂತಿರಲಿಲ್ಲ, ಬಿಚ್ಚಲು ಸ್ಪ್ಯಾನರ್ ಬೇಕು, ಸ್ಪ್ಯಾನರ್ ಯಾರ ಹತ್ತಿರವೂ ಇಲ್ಲ. ಕೊನೆಗೆ ನೋಡಲು ಬಂದಿದ್ದವರೊಬ್ಬರ ಕಾರಿನಿಂದ ಸ್ಪ್ಯಾನರ್ ಕೇಳಿ ತಂದು ಬಿಚ್ಚಿದರು. ಇಷ್ಟಕ್ಕೆ ಸುಮಾರು 25 ನಿಮಿಷ ಹಿಡಿಯಿತು. ಆಮೇಲೆ ಸ್ಟೀವರ್ಟ್ ಅವರನ್ನು ಹೊತ್ತ ಆಂಬುಲೆನ್ಸ್ ಲೀಜ್ ಆಸ್ಪತ್ರೆಗೆ ಹೋಗುವ ದಾರಿ ತಪ್ಪಿಸಿಕೊಂಡಿತು.

ಅಲ್ಲಿಂದ ಮುಂದೆ ಸ್ಟೀವರ್ಟ್ ತಮ್ಮ ಸ್ಟೀರಿಂಗಿಗೇ ಒಂದು ಸ್ಪ್ಯಾನರನ್ನು ಟೇಪ್ ಸುತ್ತಿ ಅಂಟಿಸಿಕೊಂಡರು. ಸೀಟ್ ಬೆಲ್ಟ್ ಬೇಕು, ಟ್ರ್ಯಾಕಿನಲ್ಲಿ ಡಾಕ್ಟರ್ ಬೇಕು, ಮರಗಳ ಮುಂದೆ ಬ್ಯಾರಿಯರ್ ಬೇಕು ಅಂತ ಪಟ್ಟು ಹಿಡಿದರು. ಟ್ರ್ಯಾಕ್ ಮಾಲೀಕರಿಗೆ ಸಿಟ್ಟು ಬಂತು. ಕೆಲವು ಪತ್ರಕರ್ತರೂ ಅವರನ್ನು ಪುಕ್ಕಲ ಅಂತ ಹಂಗಿಸಿದರು. ಮೂರು ಸಲ ವಿಶ್ವ ಚಾಂಪಿಯನ್ ಆದ, 27 ಗ್ರ್ಯಾನ್ ಪ್ರಿ (ವಿಶ್ವ ಚಾಂಪಿಯನ್‌ಶಿಪ್‌ಗೆ ಲೆಕ್ಕವಾಗುವ ರೇಸ್) ಗೆದ್ದ ಮನುಷ್ಯನಿಗೆ ಈ ಮಾತು! ಗಂಡೆದೆಯ ಕಾಲ ಅನ್ನುವ ನಿಮ್ಮ ಮಾತು ಓದಿದಾಗ ನನಗೆ ನೆನಪಾದದ್ದು ಇದೇ. ಆ ಕಾಲದ ನಿಜವಾದ ಎದೆಗಾರರೇ ಸುರಕ್ಷತೆ ಕೇಳಿದ್ದರು, ಕೊಡಬೇಕಾದವರು ಕೊಡಲಿಲ್ಲ.

1973ರಲ್ಲಿ ಹಾಲೆಂಡಿನ ಝಾಂಡ್‌ವೋರ್ಟ್ ಟ್ರ್ಯಾಕಿನಲ್ಲಿ ಆದದ್ದರ ಬಗ್ಗೆ ಬರೆಯದೆ ಮುಂದೆ ಹೋಗಲಾರೆ. ರೋಜರ್ ವಿಲಿಯಮ್ಸನ್ ಅವರಿಗೆ ಅದು ಎರಡನೇ ಗ್ರ್ಯಾನ್ ಪ್ರಿ ಅಷ್ಟೇ. ಕಾರು ಬ್ಯಾರಿಯರಿಗೆ ಬಡಿದು ಮಗುಚಿತು, ಬೆಂಕಿ ಹತ್ತಿತು. ಒಳಗಿದ್ದವರಿಗೆ ದೊಡ್ಡ ಪೆಟ್ಟೇನೂ ಆಗಿರಲಿಲ್ಲ, ಹೊರಗೆ ಬರಲು ಆಗುತ್ತಿರಲಿಲ್ಲ ಅಷ್ಟೇ. ಹಿಂದೆ ಬರುತ್ತಿದ್ದ ಡೇವಿಡ್ ಪರ್ಲಿ ತಮ್ಮ ರೇಸನ್ನೇ ಬಿಟ್ಟು, ಕಾರು ನಿಲ್ಲಿಸಿ, ಟ್ರ್ಯಾಕ್ ದಾಟಿ ಓಡಿದರು. ಒಬ್ಬರೇ ಕೈಹಾಕಿ ಕಾರನ್ನು ಎತ್ತಿ ಮಗುಚಲು ನೋಡಿದರು, ಆಗಲಿಲ್ಲ. ಅಲ್ಲಿದ್ದ ಮಾರ್ಷಲ್‌ಗಳ ಮೈಮೇಲೆ ಬೆಂಕಿ ತಡೆಯುವ ಬಟ್ಟೆ ಇರಲಿಲ್ಲ, ಅವರು ಹತ್ತಿರ ಹೋಗಲಾಗಲಿಲ್ಲ. ಪರ್ಲಿ ಮಾರ್ಷಲ್‌ಗಳ ಕೈಯಿಂದ ಇದ್ದೊಂದು ಸಿಲಿಂಡರ್ ಕಿತ್ತುಕೊಂಡು ಖಾಲಿಯಾಗುವವರೆಗೂ ಹೊಡೆದರು. ಮತ್ತೆ ಎತ್ತಲು ನೋಡಿದರು. ಪಕ್ಕದಲ್ಲೇ ಕಾರುಗಳು ಸುತ್ತುಮೇಲೆ ಸುತ್ತು ಹಾದುಹೋಗುತ್ತಿದ್ದವು. ಓಡಾಡುತ್ತಿದ್ದ ಪರ್ಲಿಯವರೇ ಆ ಉರಿಯುವ ಕಾರಿನ ಡ್ರೈವರ್, ಹೇಗೋ ಪಾರಾಗಿದ್ದಾರೆ ಅಂತ ಉಳಿದ ಡ್ರೈವರ್‌ಗಳು ಅಂದುಕೊಂಡರು. ರೇಸ್ ನಿಲ್ಲಿಸಲಿಲ್ಲ. ಅಗ್ನಿಶಾಮಕ ಗಾಡಿ ಬಂದು ಬೆಂಕಿ ಆರಿಸುವ ಹೊತ್ತಿಗೆ ವಿಲಿಯಮ್ಸನ್ ಉಸಿರುಕಟ್ಟಿ ಸತ್ತಿದ್ದರು.

ಪರ್ಲಿ ಕೈಚೆಲ್ಲಿ ನಡೆದುಹೋಗುವ ಆ ಚಿತ್ರಗಳನ್ನು ಎಷ್ಟು ಸಲ ನೋಡಿದರೂ ನನಗೆ ಸಂಕಟ ಕಡಿಮೆಯಾಗುವುದಿಲ್ಲ. ಅವರಿಗೆ ಬ್ರಿಟನ್ ಜಾರ್ಜ್ ಮೆಡಲ್ ಕೊಟ್ಟಿತು, ಕೊಡಲೇಬೇಕಿತ್ತು. ಆದರೆ ಅವತ್ತು ಬೇಕಿದ್ದದ್ದು ಬೆಂಕಿಗೆ ತಡೆಯುವ ಬಟ್ಟೆ ಹಾಕಿದ ನಾಲ್ಕು ಜನ ಮತ್ತು ಇನ್ನೊಂದೆರಡು ಸಿಲಿಂಡರ್. ಆ ರೇಸ್ ಗೆದ್ದವರು ಯಾರು ಗೊತ್ತಾ? ಸ್ಟೀವರ್ಟ್. ಜಿಮ್ ಕ್ಲಾರ್ಕ್ ಅವರ 25 ಗೆಲುವಿನ ದಾಖಲೆ ಮುರಿದದ್ದು ಅವತ್ತೇ. ಅದೇ ವರ್ಷ ಅಕ್ಟೋಬರಿನಲ್ಲಿ ವಾಟ್ಕಿನ್ಸ್ ಗ್ಲೆನ್‌ನಲ್ಲಿ ಅವರ ಜೊತೆಗಾರ ಫ್ರಾಂಸ್ವಾ ಸೆವೆರ್ ಸತ್ತರು. ಸ್ಟೀವರ್ಟ್ ತಮ್ಮ 100ನೇ ರೇಸ್ ಓಡಿಸದೇ ನಿವೃತ್ತರಾದರು.

ಬೋಲ್ಟ್ ವಿಷಯವೂ ಹಾಗೆಯೇ. 1975ರಲ್ಲಿ ಬಾರ್ಸಿಲೋನಾದ ಮೊಂಜುಯಿಕ್‌ನಲ್ಲಿ ಬ್ಯಾರಿಯರ್‌ಗಳನ್ನು ಸರಿಯಾಗಿ ಬಿಗಿದಿಲ್ಲ ಅಂತ ಡ್ರೈವರ್‌ಗಳೇ ಕಂಡುಹಿಡಿದು ಓಡಿಸಲು ಮೊದಲು ಒಪ್ಪಲಿಲ್ಲ. ಟೀಮುಗಳ ಮೆಕ್ಯಾನಿಕ್‌ಗಳು ಸ್ಪ್ಯಾನರ್ ಹಿಡಿದು ಬಿಗಿ ಮಾಡುತ್ತಾ ಹೋದರು. ಆದರೂ ಆಗಿನ ಚಾಂಪಿಯನ್ ಎಮರ್ಸನ್ ಫಿಟ್ಟಿಪಾಲ್ಡಿ ರೇಸ್ ಮಾಡಲಿಲ್ಲ. ರೇಸ್ ನಡೆಯಿತು. ರೋಲ್ಫ್ ಸ್ಟೊಮೆಲೆನ್ ಅವರ ಕಾರಿನ ಹಿಂದಿನ ರೆಕ್ಕೆ ಮುರಿದು ಕಾರು ಬ್ಯಾರಿಯರ್ ಹಾರಿ ಜನರ ಮೇಲೆ ಬಿತ್ತು. ಪ್ರಾಣ ಹೋದದ್ದು ಮತ್ತೆ ಆಚೆ ನಿಂತಿದ್ದವರದು.

ಈಗ ಲೌಡಾ. ಅವರ ಬಗ್ಗೆ ನಿಮಗಿರುವ ಅಭಿಮಾನ ನನಗೂ ಇದೆ. 1976ರ ಆಗಸ್ಟ್ 1ರಂದು ಜರ್ಮನಿಯ ನುರ್ಬರ್ಗ್‌ರಿಂಗ್‌ನಲ್ಲಿ ಅಪಘಾತವಾಗಿ ಮೈ ಸುಟ್ಟು, ಆರು ವಾರಕ್ಕೆ ಮೋಂಜಾದಲ್ಲಿ ಕಾರು ಹತ್ತಿ ನಾಲ್ಕನೆಯವರಾಗಿ ಮುಗಿಸಿದರು. ಗಾಯ ಇನ್ನೂ ಆರಿರಲಿಲ್ಲ. ಆದರೆ ಪತ್ರದಲ್ಲಿ ನೀವು ಬಿಟ್ಟ ಎರಡು ಸಂಗತಿಗಳಿವೆ. ಆ ರೇಸಿಗೆ ಮೊದಲೇ ಲೌಡಾ ಉಳಿದ ಡ್ರೈವರ್‌ಗಳಿಗೆ, ಇಲ್ಲಿ ಓಡಿಸುವುದು ಬೇಡ, 22 ಕಿಲೋಮೀಟರಿಗೂ ಉದ್ದದ ಈ ಟ್ರ್ಯಾಕಿನಲ್ಲಿ ಎಲ್ಲ ಕಡೆ ಸಹಾಯ ತಲುಪುವುದಿಲ್ಲ ಅಂತ ಹೇಳಿದ್ದರು. ಮತ ಹಾಕಿದಾಗ ಸೋತರು. ಅವರು ಹೇಳಿದ ಹಾಗೇ ಆಯಿತು, ಅವರನ್ನು ಬೆಂಕಿಯಿಂದ ಎಳೆದು ತಂದವರು ಹಿಂದೆ ಬಂದ ಡ್ರೈವರ್‌ಗಳೇ. ಅರ್ತುರೊ ಮೆರ್ಝಾರಿಯೊ ಬೆಂಕಿಗೆ ಕೈಹಾಕಿ ಬೆಲ್ಟ್ ಬಿಚ್ಚಿದರು. ಎರಡನೆಯದು, ಅದೇ ವರ್ಷದ ಕೊನೆಯ ರೇಸ್, ಜಪಾನಿನ ಫ್ಯೂಜಿ. ಸುರಿಯುವ ಮಳೆಯಲ್ಲಿ ಎರಡು ಸುತ್ತು ಓಡಿಸಿ ಲೌಡಾ ಪಿಟ್‌ಗೆ ಬಂದು ಇಳಿದುಬಿಟ್ಟರು. ಒಂದೇ ಒಂದು ಪಾಯಿಂಟಿನಲ್ಲಿ ಚಾಂಪಿಯನ್‌ಶಿಪ್ ಜೇಮ್ಸ್ ಹಂಟ್ ಪಾಲಾಯಿತು. ಮೋಂಜಾದಲ್ಲಿ ಹತ್ತಿದ ಧೈರ್ಯಕ್ಕಿಂತ ಫ್ಯೂಜಿಯಲ್ಲಿ ಇಳಿದ ಧೈರ್ಯ ದೊಡ್ಡದು ಅಂತ ನನ್ನ ಅಭಿಪ್ರಾಯ.

ಹೇಲೋ ನಿಮಗೆ ಇಷ್ಟವಿಲ್ಲ. ನೋಡಲು ಚೆನ್ನಾಗಿಲ್ಲ ಅನ್ನುವುದನ್ನು ನಾನೂ ಒಪ್ಪುತ್ತೇನೆ, 2018ರಲ್ಲಿ ಅದು ಬಂದಾಗ ಎಷ್ಟೋ ಡ್ರೈವರ್‌ಗಳಿಗೇ ಬೇಡವಾಗಿತ್ತು. ಬೇಡ ಅಂದವರಲ್ಲಿ ರೊಮಾನ್ ಗ್ರೋಜಾನ್ ಒಬ್ಬರು. 2020ರ ನವೆಂಬರ್ 29ರಂದು ಬಹ್ರೇನ್‌ನಲ್ಲಿ ಅವರ ಕಾರು ಕಬ್ಬಿಣದ ಬ್ಯಾರಿಯರನ್ನು ಸೀಳಿ ನಡುವೆ ತೂರಿಕೊಂಡು ಎರಡು ತುಂಡಾಯಿತು, ಬೆಂಕಿ ಭುಗಿಲೆದ್ದಿತು. ತಲೆಯ ಜಾಗದಲ್ಲಿ ಬ್ಯಾರಿಯರನ್ನು ಬಗೆದದ್ದು ಹೇಲೋ. 28 ಸೆಕೆಂಡಿಗೆ ಅವರು ಬೆಂಕಿಯೊಳಗಿಂದ ತಾವೇ ಎದ್ದು ಬಂದರು, ಕೈ ಸುಟ್ಟಿತ್ತು. ಅಷ್ಟು ಹೊತ್ತಿಗೆ ಮೆಡಿಕಲ್ ಕಾರ್ ಅಲ್ಲಿತ್ತು. ಮೊದಲ ಸುತ್ತಿನಲ್ಲಿ ಡಾಕ್ಟರ್ ಇರುವ ಕಾರು ಹಿಂದೆಯೇ ಬರುವ ಪದ್ಧತಿ ಶುರುವಾದದ್ದು 1978ರಲ್ಲಿ ಮೋಂಜಾದಲ್ಲಿ ರೋನಿ ಪೀಟರ್ಸನ್ ಸತ್ತ ಮೇಲೆ. ಇದನ್ನು ಹಿಡಿದು ತಂದವರು ಡಾಕ್ಟರ್ ಸಿಡ್ ವಾಟ್ಕಿನ್ಸ್. ಗ್ರೋಜಾನ್ ಆಸ್ಪತ್ರೆಯಿಂದಲೇ ಹೇಲೋ ಬಗ್ಗೆ ತಮ್ಮ ಮಾತು ವಾಪಸ್ ತಗೊಂಡರು.

ನನಗೆ ಬೇಜಾರಾಗುವುದು ಇಲ್ಲೇ. ಉಪಾಯ ಕೈಯಲ್ಲಿದ್ದರೂ ಒಬ್ಬರು ಸಾಯುವವರೆಗೆ ಕಾಯುತ್ತಾರೆ. ಕತ್ತು ಮುಂದಕ್ಕೆ ಎಸೆದು ತಲೆಬುರುಡೆಯ ಬುಡ ಮುರಿಯದಂತೆ ಹೆಲ್ಮೆಟನ್ನು ಭುಜಕ್ಕೆ ಕಟ್ಟಿ ಹಿಡಿಯುವ ಹಾನ್ಸ್ ಸಾಧನ 1980ರ ದಶಕದಲ್ಲೇ ತಯಾರಾಗಿತ್ತು. 1994ರಲ್ಲಿ ಇಟಲಿಯ ಇಮೋಲಾದಲ್ಲಿ, ಚಾಂಪಿಯನ್ ಅಯರ್ಟನ್ ಸೆನ್ನಾ ಸಾಯುವ ಹಿಂದಿನ ದಿನ, ರೋಲಂಡ್ ರಾಟ್ಸೆನ್‌ಬರ್ಗರ್ ಸತ್ತದ್ದು ಅದೇ ಬಗೆಯ ಪೆಟ್ಟಿನಿಂದ. 2001ರ ಫೆಬ್ರವರಿಯಲ್ಲಿ ಡೇಟೋನಾದಲ್ಲಿ ಡೇಲ್ ಅರ್ನ್‌ಹಾರ್ಟ್ ಹಾಗೆಯೇ ಹೋದರು. ಆ ವರ್ಷದ ಅಕ್ಟೋಬರಿನಲ್ಲಿ ಅಮೆರಿಕದ ರೇಸಿಂಗ್ ಸಂಸ್ಥೆ ನಾಸ್ಕಾರ್ ಇಂಥ ಸಾಧನ ಕಡ್ಡಾಯ ಮಾಡಿತು, ಫಾರ್ಮುಲಾ ಒನ್ 2003ರಲ್ಲಿ. ಜಪಾನಿನ ಸುಜುಕಾದಲ್ಲಿ 1994ರಲ್ಲಿ ಮಳೆಯಲ್ಲಿ ಜಾರಿದ ಮಾರ್ಟಿನ್ ಬ್ರಂಡಲ್ ಅವರ ಕಾರು ಟ್ರ್ಯಾಕ್ ಪಕ್ಕ ನಿಂತಿದ್ದ ಟ್ರ್ಯಾಕ್ಟರಿಗೆ ಬಡಿಯುವುದು ಕೂದಲೆಳೆಯಲ್ಲಿ ತಪ್ಪಿತು, ಒಬ್ಬ ಮಾರ್ಷಲ್‌ನ ಕಾಲು ಮುರಿಯಿತು. ಇಪ್ಪತ್ತು ವರ್ಷದ ನಂತರ ಅದೇ ತಿರುವು, ಅದೇ ಥರದ ಮಳೆ, ಮತ್ತೊಂದು ಟ್ರ್ಯಾಕ್ಟರ್, ಈ ಸಲ ಜೂಲ್ಸ್ ಬಿಯಾಂಕಿ ಅವರ ಕಾರು ಅದರಡಿಗೆ ಹೋಯಿತು. ಒಂಬತ್ತು ತಿಂಗಳು ಕೋಮಾದಲ್ಲಿದ್ದು ಅವರು 2015ರ ಜುಲೈನಲ್ಲಿ ತೀರಿಕೊಂಡರು. ಇದನ್ನು ವಿಧಿ ಅನ್ನಲು ನನಗೆ ಬಾಯಿ ಬರುವುದಿಲ್ಲ.

ಒಂದು ಕಡೆ ಮಾತ್ರ ನಿಮ್ಮ ವಾದಕ್ಕೆ ತೂಕವಿದೆ. ಐಲ್ ಆಫ್ ಮ್ಯಾನ್ ದ್ವೀಪದ ಟಿಟಿ ಬೈಕ್ ರೇಸ್. ಸುಮಾರು 60 ಕಿಲೋಮೀಟರ್ ಉದ್ದದ ಊರ ರಸ್ತೆ, ಪಕ್ಕದಲ್ಲೇ ಕಲ್ಲಿನ ಗೋಡೆ, ಮನೆ, ಕಂಬ. 1911ರಿಂದ ಆ ದಾರಿಯಲ್ಲಿ 250ಕ್ಕೂ ಹೆಚ್ಚು ಜನ ಸತ್ತಿದ್ದಾರೆ. ಅಲ್ಲಿ ಹೋಗುವ ಸವಾರರಿಗೆ ಇದು ಪೂರ್ತಿ ಗೊತ್ತು, ಬೇರೆ ಟ್ರ್ಯಾಕುಗಳಿವೆ ಅನ್ನುವುದೂ ಗೊತ್ತು, ಆದರೂ ಹೋಗುತ್ತಾರೆ. ಅವರ ಆಯ್ಕೆಯನ್ನು ತಪ್ಪು ಅನ್ನುವ ಹಕ್ಕು ನನಗಿಲ್ಲ. ಆ ಆಯ್ಕೆಯನ್ನು ಎಲ್ಲ ರೇಸಿಗೂ ಅಳತೆಗೋಲು ಮಾಡಬೇಡಿ ಅಂತಷ್ಟೇ ಕೇಳುತ್ತೇನೆ. ರೋಮಾಂಚನ ಕಡಿಮೆಯಾಗಿದೆ ಅನ್ನುತ್ತೀರಿ, ಕಾರುಗಳು ಒಂದನ್ನೊಂದು ಹಿಂದೆ ಹಾಕಲಾಗದ ರೇಸುಗಳು ನನಗೂ ಬೇಸರ ತರುತ್ತವೆ. ಅದಕ್ಕೆ ಕಾರಣ ಕಾರಿನ ಅಗಲ, ಭಾರ, ಗಾಳಿಯ ಲೆಕ್ಕಾಚಾರ. ಡ್ರೈವರ್ ಬದುಕಿ ಮನೆಗೆ ಹೋಗುತ್ತಾನೆ ಅನ್ನುವುದಲ್ಲ.

ಕೊನೆಯ ಪ್ರಶ್ನೆ. ಸ್ವಿಟ್ಜರ್ಲೆಂಡಿನಲ್ಲಿ ಯಾಕೆ ಗ್ರ್ಯಾನ್ ಪ್ರಿ ಇಲ್ಲ ಅಂತ ಕೇಳಿದ್ದೀರಿ. ಮೊದಲು ಇತ್ತು, ಬರ್ನ್ ಹತ್ತಿರದ ಬ್ರೆಮ್‌ಗಾರ್ಟನ್‌ನಲ್ಲಿ, 1954ರವರೆಗೆ. ಲೆ ಮಾನ್ ದುರಂತ ಆದಮೇಲೆ ಆ ದೇಶ ಟ್ರ್ಯಾಕ್ ರೇಸನ್ನೇ ನಿಷೇಧಿಸಿತು. 1982ರಲ್ಲಿ ಸ್ವಿಸ್ ಗ್ರ್ಯಾನ್ ಪ್ರಿ ಅನ್ನುವ ಹೆಸರಲ್ಲಿ ಒಂದು ರೇಸ್ ನಡೆದರೂ ಅದು ಫ್ರಾನ್ಸಿನ ದಿಜೋನ್‌ನಲ್ಲಿ. 2018ರಲ್ಲಿ ಜ್ಯೂರಿಕ್ ಬೀದಿಗಳಲ್ಲಿ ಎಲೆಕ್ಟ್ರಿಕ್ ಕಾರುಗಳಿಗೆ ಮಾತ್ರ ಅವಕಾಶ ಸಿಕ್ಕಿತು, 2022ರಲ್ಲಿ ಅಲ್ಲಿನ ಸಂಸತ್ತು ನಿಷೇಧ ತೆಗೆಯಲು ಒಪ್ಪಿತು. ನಿಷೇಧ ಬೇಕಿತ್ತಾ ಅಂತ ಕೇಳಿದರೆ, ಬೇಡವಾಗಿತ್ತು ಅನ್ನುತ್ತೇನೆ. ಸ್ವಿಸ್ ಡ್ರೈವರ್‌ಗಳು ಬೇರೆ ದೇಶಕ್ಕೆ ಹೋಗಿ ಓಡಿಸಿದರು, ಅಷ್ಟೇ. ಅವರಲ್ಲಿ ಜೋ ಸಿಫೆರ್ 1971ರ ಅಕ್ಟೋಬರಿನಲ್ಲಿ ಇಂಗ್ಲೆಂಡಿನ ಬ್ರ್ಯಾಂಡ್ಸ್ ಹ್ಯಾಚ್‌ನಲ್ಲಿ ಸತ್ತರು. ಕಾಲು ಮುರಿದಿತ್ತು, ಪ್ರಾಣ ತೆಗೆದದ್ದು ಹೊಗೆ. ವಿಚಾರಣೆಯಲ್ಲಿ ಗೊತ್ತಾಯಿತು, ಟ್ರ್ಯಾಕ್ ಪಕ್ಕದಲ್ಲಿದ್ದ ಬೆಂಕಿ ಆರಿಸುವ ಸಿಲಿಂಡರ್‌ಗಳಲ್ಲಿ ಒಂದೂ ಕೆಲಸ ಮಾಡಿರಲಿಲ್ಲ. ಕಾರಿನೊಳಗೇ ಬೆಂಕಿ ಆರಿಸುವ ವ್ಯವಸ್ಥೆ, ಹೆಲ್ಮೆಟ್ ಒಳಗೆ ಗಾಳಿ ಬರುವ ಕೊಳವೆ ಕಡ್ಡಾಯವಾದದ್ದು ಅದಾದ ಮೇಲೆ.

– ಸಂಪಾದಕ