ಕಿಡ್ ಓರಿ ಮತ್ತು ಬಂಡಿಯ ಹಿಂಬದಿಯ ಟ್ರಾಂಬೋನ್

ಪ್ರಶ್ನೆ: ಜಾಜ್ ಸಂಗೀತಗಾರ ಲೂಯಿ ಆರ್ಮ್‌ಸ್ಟ್ರಾಂಗ್ ಅವರ ‘ಹಾಟ್ ಫೈವ್’ ತಂಡದ ಧ್ವನಿಮುದ್ರಣಗಳನ್ನು ಈಚೆಗೆ ಕೇಳತೊಡಗಿದ್ದೇನೆ. ಕಾರ್ನೆಟ್ (ತುತ್ತೂರಿಯಂಥ ಪುಟ್ಟ ವಾದ್ಯ) ಮತ್ತು ಕ್ಲಾರಿನೆಟ್ ಮನಸೆಳೆಯುತ್ತವೆ. ಉದ್ದನೆಯ ಹಿತ್ತಾಳೆ ವಾದ್ಯವಾದ ಟ್ರಾಂಬೋನ್ ಮಾತ್ರ ಒಂದೆರಡು ದಪ್ಪ ಸ್ವರ ಊದಿ, ನಡುನಡುವೆ ಗುಟುರು ಹಾಕಿ ಸುಮ್ಮನಾಗುತ್ತದೆ. ಅದನ್ನು ನುಡಿಸಿದ ಕಿಡ್ ಓರಿ ನಿಜಕ್ಕೂ ದೊಡ್ಡ ವಾದಕರೇ, ಆರ್ಮ್‌ಸ್ಟ್ರಾಂಗ್ ಸಹವಾಸದಿಂದ ಹೆಸರು ಬಂದವರೇ?

ಉತ್ತರ: ಸಹವಾಸದ ಮಾತು ತಿರುಗುಮುರುಗಾಗಿದೆ. 1918ರಲ್ಲಿ ಕಾರ್ನೆಟ್ ವಾದಕ ‘ಕಿಂಗ್’ ಆಲಿವರ್ ನ್ಯೂ ಆರ್ಲಿಯನ್ಸ್ ಬಿಟ್ಟು ಶಿಕಾಗೋಗೆ ಹೊರಟಾಗ, ತಮ್ಮ ತಂಡದಲ್ಲಿ ತೆರವಾದ ಕಾರ್ನೆಟ್ ಸ್ಥಾನಕ್ಕೆ ಹದಿಹರೆಯದ ಆರ್ಮ್‌ಸ್ಟ್ರಾಂಗ್‌ರನ್ನು ಸೇರಿಸಿಕೊಂಡವರು ಓರಿ. ಆ ಊರಿನ ಬಲು ಬೇಡಿಕೆಯ ತಂಡಗಳಲ್ಲಿ ಅವರದೂ ಒಂದಾಗಿತ್ತು. ಏಳು ವರ್ಷಗಳ ನಂತರ ಅದೇ ಹುಡುಗ ಶಿಕಾಗೋದಲ್ಲಿ ತನ್ನ ಹೆಸರಿನಲ್ಲಿ ಧ್ವನಿಮುದ್ರಣ ಮಾಡಲು ಹೊರಟಾಗ ಹಳೆಯ ಯಜಮಾನರನ್ನೇ ಟ್ರಾಂಬೋನಿಗೆ ಕರೆದುಕೊಂಡರು.

‘ಕಿಡ್’ ಎಂದೇ ಹೆಸರಾದ ಎಡ್ವರ್ಡ್ ಓರಿ ಹುಟ್ಟಿದ್ದು 1886ರ ಡಿಸೆಂಬರ್ 25ರಂದು, ಲೂಸಿಯಾನಾದ ಲಾಪ್ಲಾಸ್‌ನ ವುಡ್‌ಲ್ಯಾಂಡ್ ಎಂಬ ಕಬ್ಬಿನ ತೋಟದಲ್ಲಿ. 1811ರ ಗುಲಾಮರ ದೊಡ್ಡ ದಂಗೆ ಹೊತ್ತಿಕೊಂಡದ್ದೂ ಅಲ್ಲಿಯೇ. ಚಿಕ್ಕಂದಿನಲ್ಲಿ ಸಿಗಾರ್ ಡಬ್ಬಿಯಿಂದ ತಾವೇ ಬ್ಯಾಂಜೋ ಮಾಡಿಕೊಂಡು, ಅಂಥದೇ ವಾದ್ಯಗಳ ಗೆಳೆಯರನ್ನು ಕಟ್ಟಿಕೊಂಡು ನುಡಿಸುತ್ತಿದ್ದರು. ಟ್ರಾಂಬೋನ್ ಕೈಗೆ ಬಂದದ್ದು ಆಮೇಲೆ.

ಈಗ ನೀವು ಹೇಳುವ ಗುಟುರಿಗೆ ಬರೋಣ. ಆ ಕಾಲದಲ್ಲಿ ನ್ಯೂ ಆರ್ಲಿಯನ್ಸ್‌ನ ನೃತ್ಯಕೂಟಗಳ ಪ್ರಚಾರಕ್ಕೆ ವಾದ್ಯತಂಡಗಳು ಬಂಡಿ ಹತ್ತಿ ಬೀದಿ ಸುತ್ತುತ್ತಿದ್ದವು. ಎರಡು ಬಂಡಿಗಳು ಎದುರಾದರೆ ಬೀದಿಯಲ್ಲೇ ಪೈಪೋಟಿ. ಟ್ರಾಂಬೋನಿನ ಉದ್ದನೆಯ ಸ್ಲೈಡ್ (ಹಿಂದೆ ಮುಂದೆ ಜಾರಿಸುವ ಕೊಳವೆ) ಬೇರೆಯವರ ಬೆನ್ನಿಗೆ ತಗಲದಿರಲೆಂದು ಅದರ ವಾದಕನನ್ನು ಬಂಡಿಯ ಹಿಂಬಾಗಿಲ ಬಳಿ ಕೂರಿಸುತ್ತಿದ್ದರು. ಆ ಹಿಂಬಾಗಿಲಿನಿಂದಲೇ ‘ಟೇಲ್‌ಗೇಟ್’ ಎಂಬ ಹೆಸರು ಈ ಶೈಲಿಗೆ ಅಂಟಿಕೊಂಡಿತು. ಓರಿ ಅದರ ಮೊದಲ ದೊಡ್ಡ ಹೆಸರು.

ಈ ಶೈಲಿಯಲ್ಲಿ ಕಾರ್ನೆಟ್ ರಾಗ ಹಿಡಿಯುತ್ತದೆ, ಕ್ಲಾರಿನೆಟ್ ಮೇಲ್ಗಡೆ ಸುತ್ತುತ್ತದೆ, ಟ್ರಾಂಬೋನ್ ಕೆಳಗಿನಿಂದ ಎರಡನ್ನೂ ಹೊರುತ್ತದೆ. ಕಾರ್ನೆಟ್ ಉಸಿರು ತೆಗೆದುಕೊಳ್ಳುವ ಕಡೆ ಒಂದು ಮರುಮಾತು ಹಾಕುವುದು, ಒಂದು ಸ್ವರಗುಚ್ಛದಿಂದ (ಒಟ್ಟಿಗೆ ನುಡಿಯುವ ಸ್ವರಗಳು, ‘ಕಾರ್ಡ್’) ಮುಂದಿನದಕ್ಕೆ ದಾರಿ ತೋರಿಸುವುದು ಅದರ ಕೆಲಸ. ಹಾಟ್ ಫೈವ್‌ನಲ್ಲಿ ಡ್ರಮ್ಸ್ ಇಲ್ಲ, ಬಾಸ್ ಇಲ್ಲ. ತಾಳಕ್ಕೆ ಪಿಯಾನೋ, ಬ್ಯಾಂಜೋ ಎರಡೇ. ಹಾಗಾಗಿ ಓರಿಯ ಹೆಗಲಿನ ಭಾರ ಇನ್ನೂ ಹೆಚ್ಚು.

ಸ್ಲೈಡ್ ಎಳೆದು ಒಂದು ಸ್ವರದಿಂದ ಇನ್ನೊಂದಕ್ಕೆ ಹೋಗುವ ಜಾರು ಕೂಡ ಮನಬಂದಂತೆ ಎಳೆದದ್ದಲ್ಲ. ಸ್ಲೈಡಿಗೆ ಏಳು ಸ್ಥಾನಗಳಿವೆ, ಒಂದೊಂದು ಹೆಜ್ಜೆಗೆ ಅರ್ಧ ಸ್ವರ ಇಳಿಯುತ್ತದೆ. ತುಟಿಯ ಬಿಗಿ ಬದಲಿಸದೆ ಒಂದೇ ಎಳೆತದಲ್ಲಿ ಹೆಚ್ಚೆಂದರೆ ಆರು ಅರ್ಧಸ್ವರಗಳಷ್ಟು ದೂರ ಜಾರಬಹುದು. ಆದ್ದರಿಂದ ಎಲ್ಲಿಂದ ಹೊರಟರೆ ಎಲ್ಲಿಗೆ ಮುಟ್ಟೀತು ಎಂಬ ಲೆಕ್ಕ ಮೊದಲೇ ಇರಬೇಕು. ಓರಿಯ ಜಾರು ಬಹಳ ಸಲ ಮುಂದಿನ ಸಾಲಿನ ಮೊದಲ ಬಡಿತಕ್ಕೆ, ಸ್ವರಗುಚ್ಛ ಬದಲಾಗುವ ಕ್ಷಣಕ್ಕೆ ಸರಿಯಾಗಿ ಹೋಗಿ ನಿಲ್ಲುತ್ತದೆ. ಇಡೀ ತಂಡ ಅದರ ಮೇಲೆ ಕಾಲೂರುತ್ತದೆ.

ಏಕವಾದನದಲ್ಲಿ ಅವರು ಸೀಮಿತರು, ಇದನ್ನು ಮುಚ್ಚಿಡಬೇಕಾಗಿಲ್ಲ. ಇತರ ಟ್ರಾಂಬೋನ್ ವಾದಕರಾದ ಮಿಫ್ ಮೋಲ್‌ರ ಚುರುಕು, ಜಾಕ್ ಟೀಗಾರ್ಡನ್‌ರ ನಯ ಓರಿಯಲ್ಲಿ ಹುಡುಕಿದರೆ ನಿರಾಸೆಯೇ. ಆದರೂ 1927ರ ‘ಸವಾಯ್ ಬ್ಲೂಸ್’ ಕೇಳಿ. ಅದು ಅವರದೇ ರಚನೆ. ಕಡಿಮೆ ಸ್ವರಗಳಲ್ಲಿ ಎಷ್ಟು ಹೇಳಬಹುದು ಎಂಬುದು ಅಲ್ಲಿದೆ. ಇನ್ನೊಂದು ಪ್ರಯೋಗ: ಪಿಯಾನೋ ವಾದಕ ಜೆಲ್ಲಿ ರೋಲ್ ಮಾರ್ಟನ್‌ರೊಂದಿಗೆ ಓರಿ ನುಡಿಸಿದ 1926ರ ‘ಬ್ಲ್ಯಾಕ್ ಬಾಟಮ್ ಸ್ಟಾಂಪ್’ ಹಾಕಿ, ಒಮ್ಮೆ ಟ್ರಾಂಬೋನನ್ನು ಮಾತ್ರ ಹಿಂಬಾಲಿಸಿ. ಆಮೇಲೆ ಅದನ್ನು ಕಳೆದು ಕಲ್ಪಿಸಿಕೊಳ್ಳಿ.

ಪ್ರಶ್ನೆ: ಇಷ್ಟು ಹೆಸರಿದ್ದವರು ಕೋಳಿ ಸಾಕಿ ಬದುಕಿದರು ಎಂದು ಕೇಳಿದ್ದೇನೆ. ನಿಜವೇ?

ಉತ್ತರ: ನಿಜ. 1919ರಲ್ಲೇ ಅವರು ಲಾಸ್ ಏಂಜಲೀಸ್‌ಗೆ ಹೋಗಿದ್ದರು. 1922ರಲ್ಲಿ ಅಲ್ಲಿ ಅವರ ತಂಡ ಮಾಡಿದ ಮುದ್ರಣವನ್ನು ನ್ಯೂ ಆರ್ಲಿಯನ್ಸ್‌ನ ಕಪ್ಪು ವಾದಕರ ಜಾಜ್ ತಂಡವೊಂದರ ಮೊದಲ ಮುದ್ರಣವೆಂದು ಪರಿಗಣಿಸುತ್ತಾರೆ. 1925ರಲ್ಲಿ ಶಿಕಾಗೋ, ಕೆಲವು ವರ್ಷಗಳಲ್ಲಿ ಮತ್ತೆ ಲಾಸ್ ಏಂಜಲೀಸ್. ಅಷ್ಟರಲ್ಲಿ ಆರ್ಥಿಕ ಕುಸಿತ ಬಂತು, ಜನರ ರುಚಿಯೂ ದೊಡ್ಡ ಸ್ವಿಂಗ್ (ಕುಣಿತಕ್ಕೆ ನುಡಿಸುವ ಜಾಜ್) ತಂಡಗಳತ್ತ ಹೊರಳಿತು. ಓರಿ ಸಂಗೀತ ಬಿಟ್ಟು ಸಹೋದರನೊಂದಿಗೆ ಕೋಳಿ ಸಾಕಿದರು, ರೈಲ್ವೆಯಲ್ಲಿಯೂ ದುಡಿದರು. 1940ರ ದಶಕದಲ್ಲಿ ಹಳೆಯ ಶೈಲಿಯ ಬಗ್ಗೆ ಹೊಸ ಆಸಕ್ತಿ ಹುಟ್ಟಿತು. 1944ರಲ್ಲಿ ಸಿನಿಮಾ ನಿರ್ದೇಶಕ ಆರ್ಸನ್ ವೆಲ್ಸ್ ತಮ್ಮ ರೇಡಿಯೋ ಕಾರ್ಯಕ್ರಮಕ್ಕೆ ಓರಿ ಇದ್ದ ತಂಡವನ್ನು ಕರೆಸಿದರು. ಅಲ್ಲಿಂದ ಎರಡನೆಯ ಇನ್ನಿಂಗ್ಸ್ ಎರಡು ದಶಕ ನಡೆಯಿತು. ಆ ಮುದ್ರಣಗಳ ಧ್ವನಿ ಸ್ವಚ್ಛವಾಗಿದೆ, ಹೊಸ ಕೇಳುಗರಿಗೆ ನಾನು ಮೊದಲು ಸೂಚಿಸುವುದು ಅವನ್ನೇ. 1966ರಲ್ಲಿ ನಿವೃತ್ತರಾಗಿ ಹವಾಯಿಗೆ ಹೋದರು. 1973ರ ಜನವರಿ 23ರಂದು ಹೊನೊಲುಲುವಿನಲ್ಲಿ ತೀರಿಕೊಂಡರು.

ಪ್ರಶ್ನೆ: ‘ಮಸ್ಕ್ರಾಟ್ ರ‍್ಯಾಂಬಲ್’ ಯಾರ ರಚನೆ, ಓರಿಯದೋ ಆರ್ಮ್‌ಸ್ಟ್ರಾಂಗ್‌ರದೋ?

ಉತ್ತರ: 1926ರ ಫೆಬ್ರವರಿಯಲ್ಲಿ ಹಾಟ್ ಫೈವ್ ಅದನ್ನು ಮುದ್ರಿಸಿತು, ಕರ್ತೃವಿನ ಜಾಗದಲ್ಲಿ ಓರಿಯ ಹೆಸರಿದೆ. ರಾಗ ತಮ್ಮದು, ಓರಿ ಕೊಟ್ಟದ್ದು ಹೆಸರನ್ನಷ್ಟೇ ಎಂದು ಆರ್ಮ್‌ಸ್ಟ್ರಾಂಗ್ ಮುಂದೆ ಹೇಳಿದರು. ಓರಿ ಒಪ್ಪಲಿಲ್ಲ, ಅದನ್ನು ಲಾಸ್ ಏಂಜಲೀಸ್ ದಿನಗಳಲ್ಲೇ ಕಟ್ಟಿದ್ದೆ ಎಂದರು. ಇಬ್ಬರೂ ಕೋರ್ಟಿಗೆ ಹೋಗಲಿಲ್ಲ. ಗೌರವಧನ ಓರಿಗೇ ಬರುತ್ತಿತ್ತು.